ಮಳೆ ಲೆಕ್ಕದ ಆಪ್: ಆಶ್ಲೇಷ ಮಳೆ ಹೊತ್ತಿಗೆ ಎಲ್ಲಿಗೆ ಬಂತು

ಹೊಸದಾಗಿ ಓದ್ತಿರೋರಿಗೆ ಚಿಕ್ಕದಾಗಿ ಹೇಳ್ತೀನಿ. ನಮ್ಮ ಹೊಸನಗರ ಕಡೆ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದು ಅಂಗಳದ ಮಳೆ ಮಾಪಕ ನೋಡಿ ಡೈರಿಲೋ ಕ್ಯಾಲೆಂಡರ್ ಚೌಕದಲ್ಲೋ ಬರೆದಿಡೋ ರೂಢಿ ಇದೆಯಲ್ಲ, ಅದನ್ನೇ ಫೋನಲ್ಲಿ ಮಾಡೋ ಆಪ್. ದುಡ್ಡಿಗೆ ಅಲ್ಲ, ನನ್ನ ಹುಚ್ಚಿಗೆ. ಕೋಡ್ ಬೇಸಿಗೆಲೇ ಮುಗಿದಿತ್ತು, ಮೃಗಶಿರಾ ಹಿಡಿದ ಮೇಲೆ ನಡೀತಿರೋದೆಲ್ಲ ಯುಎಕ್ಸ್ (ಬಳಸೋರಿಗೆ ಆಪ್ ಎಷ್ಟು ಸಲೀಸು ಅನ್ನೋದು) ರಿಪೇರಿನೇ, ಅದೇ ಜಾಸ್ತಿ ಕೆಲಸ ಅಂತ ಈಗ ಅನ್ನಿಸ್ತಿದೆ.

ಟೆಸ್ಟಿಂಗ್ ಬಗ್ಗೆ

ಆಪನ್ನ ಜನರ ಕೈಗೆ ಕೊಟ್ಟು ನೋಡೋಕೆ ಒಂದು ಸುತ್ತಿಗೆ ಐದು ಜನ ಸಾಕು, ಅಷ್ಟರಲ್ಲೇ 85% ತೊಂದ್ರೆ ಕಾಣಿಸ್ಕೊಳ್ತವೆ ಅಂತ ಯುಎಕ್ಸ್ ತಜ್ಞ ಯಾಕೊಬ್ ನೀಲ್ಸನ್ 2000ದಲ್ಲಿ ಬರೆದಿದ್ದು ಈ ಫೀಲ್ಡಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ಒಂದೇ ಥರದ ಬಳಕೆದಾರರಿಗೆ ಹೇಳಿದ ಮಾತು. ದೊಡ್ಡಪ್ಪನ ವಯಸ್ಸಿನೋರು ಒಂದು ಗುಂಪು, ಪಿಯುಸಿ ಓದೋ ಹುಡುಗ್ರು ಇನ್ನೊಂದು ಗುಂಪು ಅಂತ ಬೇರೆ ಬೇರೆ ಕೂರಿಸಬೇಕು.

ಮಾಡ್ತಾ ಮಾಡ್ತಾ ಮನಸಲ್ಲಿ ಬಂದಿದ್ದನ್ನ ಬಾಯಿಬಿಟ್ಟು ಹೇಳ್ತಾ ಹೋಗಿ ಅನ್ನೋ ವಿಧಾನ ಇದೆಯಲ್ಲ, ಅದು ನಮ್ಮ ಕಡೆ ನಡೆಯಲ್ಲ ಮಾರಾಯ್ರೆ. ಮನೆ ಹುಡುಗ ಮಾಡಿದ್ದು ಅಂತ ಯಾರೂ ಬೇಜಾರಾಗೋ ಮಾತು ಆಡಲ್ಲ, "ಲಾಯ್ಕಿದೆ ತಮ್ಮ" ಅಂದು ಕಾಫಿ ಕೊಟ್ಟು ಕಳಿಸ್ತಾರೆ. ಹಂಗಾಗಿ ಈಗ ಫೋನ್ ಕೈಗೆ ಕೊಟ್ಟು "ಮೊನ್ನೆದು ಬರೆಯಕ್ಕೆ ಮರ್ತೋಗಿತ್ತಂತೆ, ಹಾಕಿ ನೋಡುವ" ಅಂತ ಒಂದು ಕೆಲಸ ಹೇಳಿ ಸುಮ್ನೆ ಕೂರ್ತೀನಿ. ಬೆರಳು ಎಲ್ಲಿ ನಿಲ್ತು, ಎಲ್ಲಿ ವಾಪಸ್ ಬಂತು, ಕನ್ನಡಕ ಯಾವಾಗ ಮೇಲೆ ಹೋಯ್ತು ಅನ್ನೋದನ್ನ ಮಾತ್ರ ಬರ್ಕೊಳ್ತೀನಿ.

ಮೊದಲ ಸ್ಕ್ರೀನ್

ಹಳೇ ವರ್ಷನ್ನಲ್ಲಿ ಆಪ್ ತೆಗೆದ ಕೂಡ್ಲೇ ಬಣ್ಣದ ಗ್ರಾಫ್ ಬರ್ತಿತ್ತು. ಡೈರಿ ಬರೆಯೋರನ್ನ ಕೂತು ನೋಡಿದ್ರೆ ಇವತ್ತಿಂದು ಬರೆದ ತಕ್ಷಣ ಅವರು ಮಾಡೋ ಎರಡನೇ ಕೆಲಸ ಹೋದ ವರ್ಷದ ಡೈರಿ ತೆಗೆದು ಇದೇ ತಾರೀಖಿಗೆ ಒಟ್ಟು ಎಷ್ಟಾಗಿತ್ತು ಅಂತ ನೋಡೋದು, ಸೊಸೈಟಿ ಜಗಲಿ ಮೇಲೆ ಮಾತು ನಡೆಯೋದೂ ಅದರ ಮೇಲೇನೇ. ಈಗ ಮೇಲೆ ಇವತ್ತಿನ ಅಂಕಿ ದೊಡ್ಡದಾಗಿ, ಅದರ ಕೆಳಗೆ "ಈ ವರ್ಷ ಇಲ್ಲಿವರೆಗೆ", ಪಕ್ಕದಲ್ಲಿ "ಹೋದ ವರ್ಷ ಇಷ್ಟೊತ್ತಿಗೆ". ಗ್ರಾಫ್ ಒಂದು ಬಟನ್ ಹಿಂದೆ ಹೋಯ್ತು, ಇಲ್ಲಿವರೆಗೆ ಅದನ್ನ ಕೇಳ್ಕೊಂಡು ಯಾರೂ ಬಂದಿಲ್ಲ.

ಇಂಚಿನ ಗಲಾಟೆ

ಈ ಸಲ ಜಾಸ್ತಿ ತಲೆ ತಿಂದಿದ್ದು ಇದು. ಹಳಬರದು ಇಂಚು ಮತ್ತೆ ಸೆಂಟ್ಸ್, ನೂರು ಸೆಂಟ್ಸ್ ಸೇರಿದ್ರೆ ಒಂದು ಇಂಚು, ಅಂದ್ರೆ 25.4 ಮಿಮೀ. ಹೊಸ ಮಾಪಕ ತಂದೋರದು ಮಿಮೀ. ಒಂದೇ ಮನೇಲಿ ಅಪ್ಪ "ಎರಡೂವರೆ ಆಯ್ತು" ಅಂದ್ರೆ ಮಗ "ಅರವತ್ಮೂರು" ಅಂತಾನೆ, ಇಬ್ಬರದೂ ಒಂದೇ ಮಳೆ. ಸೆಟ್ಟಿಂಗ್ಸಲ್ಲಿ ಯೂನಿಟ್ ಬದಲಾಯಿಸೋ ಸ್ವಿಚ್ ಇಟ್ಟಿದ್ದೆ, ನೋಡಕ್ಕೆ ನೀಟಾಗೇ ಇತ್ತು, ಆದ್ರೆ ಅದು ಯಾವ ಕಡೆ ಇದೆ ಅಂತ ನೆನಪಿಟ್ಕೊಳೋ ಕೆಲಸ ಬರೆಯೋರ ತಲೆ ಮೇಲೆ ಬೀಳುತ್ತೆ, ಮಗ ಸಂಜೆ ಬದಲಾಯಿಸಿದ್ರೆ ಅಪ್ಪ ಬೆಳಿಗ್ಗೆ 2.5 ಅಂತ ಹೊಡೀತಾರೆ, ಆಪ್ ಅದನ್ನ ಎರಡೂವರೆ ಮಿಮೀ ಅಂತ ನುಂಗಿ ಕೂರುತ್ತೆ. ಆಪ್ ಯಾವ ಸ್ಥಿತಿಲಿ (ಮೋಡಲ್ಲಿ) ಇದೆ ಅಂತ ಗೊತ್ತಾಗದೇ ಆಗೋ ತಪ್ಪಿಗೆ ಮೋಡ್ ಎರರ್ ಅಂತಾರಲ್ಲ, ಅದೇ ಇದು. ಕಟ್-ಕಾಪಿ-ಪೇಸ್ಟ್ ಕೊಟ್ಟ ಲ್ಯಾರಿ ಟೆಸ್ಲರ್‌ಗೆ ಈ ಮೋಡ್‌ಗಳು ಕಂಡ್ರೆ ಎಷ್ಟು ಆಗ್ತಿರ್ಲಿಲ್ಲ ಅಂದ್ರೆ ಕಾರಿನ ನಂಬರ್ ಪ್ಲೇಟಲ್ಲೂ "ನೋ ಮೋಡ್ಸ್" ಅಂತ ಹಾಕಿಸ್ಕೊಂಡಿದ್ದ ಪುಣ್ಯಾತ್ಮ.

ಈಗ ಸ್ವಿಚ್ಚೇ ಇಲ್ಲ. ಅಂಕಿ ಹೊಡೆದ್ಮೇಲೆ ಸೇವ್ ಅನ್ನೋ ಬಟನ್ ಜಾಗದಲ್ಲಿ ಎರಡು ಬಟನ್: "ಮಿಮೀ", "ಇಂಚು". ಯಾವುದು ಒತ್ತಿದ್ರೂ ಸೇವ್ ಆಗುತ್ತೆ, ಯೂನಿಟ್ ಅಲ್ಲೇ ಗೊತ್ತಾಗುತ್ತೆ, ಒಂದು ಒತ್ತು ಜಾಸ್ತಿ ಆಗಲಿಲ್ಲ. ಇಡೀ ಆಪಲ್ಲಿ ನಂಗೆ ಖುಷಿ ಕೊಟ್ಟಿರೋ ಒಂದು ವಿಷಯ ಅಂದ್ರೆ ಇದು.

12.5 ಮತ್ತೆ 125

ಚುಕ್ಕಿ ಬಿಟ್ಟೋದ್ರೆ ಹತ್ತು ಪಟ್ಟು ಮಳೆ. ಬಯಲುಸೀಮೆ ಆಗಿದ್ರೆ 125 ಅಂತ ಬಂದ್ರೆ ತಡೆದು ಕೇಳ್ಬಹುದಿತ್ತು, ನಮ್ಮಲ್ಲಿ ಆಗಲ್ಲ. ಹವಾಮಾನ ಇಲಾಖೆ ಪ್ರಕಾರ ದಿನಕ್ಕೆ 204.4 ಮಿಮೀ ದಾಟಿದ್ರೆ ಅತ್ಯಂತ ಭಾರೀ ಮಳೆ, ಹುಲಿಕಲ್ಲು ಆಗುಂಬೆ ಕಡೆಯೋರಿಗೆ ಅದೇನು ಕಾಣದ್ದಲ್ಲ. "ನಿಜವಾಗ್ಲೂ 125 ಆ?" ಅಂತ ಪ್ರತಿ ಜೋರು ಮಳೆಗೂ ಕೇಳ್ತಾ ಹೋದ್ರೆ ನಾಲ್ಕನೇ ಸಲದಿಂದ ಓದದೇ ಹೌದು ಒತ್ತೋದು ಕೈಗೆ ಅಭ್ಯಾಸ ಆಗೋಗುತ್ತೆ, ಆಮೇಲೆ ಕೇಳಿದ್ರೂ ಒಂದೇ ಬಿಟ್ರೂ ಒಂದೇ. ಅದಕ್ಕೆ ಕೇಳೋದನ್ನ ಪೂರ್ತಿ ಬಿಟ್ಟು ಸೇವ್ ಮಾಡಿಬಿಡ್ತೀನಿ, ನಿನ್ನೆ ಅಂಕಿ ಇವತ್ತಿನ ಅಂಕಿ ಪಕ್ಕಪಕ್ಕ ತೋರಿಸಿ "ತಿದ್ದು" ಬಟನ್ ಅಲ್ಲೇ ಇಡ್ತೀನಿ, ಮಾರನೇ ದಿನ ಬಂದು ತಿದ್ದಿದ್ರೂ ಸರಿನೇ.

ಒದ್ದೆ ಕೈ

ಬರೆಯೋ ಹೊತ್ತಿಗೆ ಹೊರಗೆ ಮಳೆ ಹೊಯ್ತಿರುತ್ತೆ, ಕೈ ಒದ್ದೆ. ಈಗಿನ ಟಚ್ ಸ್ಕ್ರೀನ್ ಬೆರಳನ್ನ ವಿದ್ಯುತ್ ಗುಣದಿಂದ ಗುರುತು ಹಿಡಿಯೋದು, ನೀರಿನ ಹನಿನೂ ಅದಕ್ಕೆ ಬೆರಳಿನ ಥರನೇ ಕಾಣ್ಬಹುದು, ಹಂಗಾಗಿ ಎಲ್ಲೋ ಒತ್ತಿದ್ರೆ ಎಲ್ಲೋ ಬೀಳುತ್ತೆ. ಫೋನಿನ ಕೀಬೋರ್ಡ್ ತೆಗೆದುಹಾಕಿ ನಂದೇ ದೊಡ್ಡ ಅಂಕಿ ಗುಂಡಿಗಳನ್ನ ಹಾಕಿದೀನಿ. ಆಂಡ್ರಾಯ್ಡ್‌ನೋರು ಗುಂಡಿ ಕನಿಷ್ಠ 48 ಡಿಪಿ (ಸ್ಕ್ರೀನ್ ಮೇಲಿನ ಸೈಜಿನ ಅಳತೆ) ಇರ್ಲಿ ಅಂತಾರೆ, ನಂದು 80, ನಡುವೆ ಅಂತರನೂ ಜಾಸ್ತಿ. ಸ್ವೈಪ್ ಮಾಡಿ ಡಿಲೀಟ್ ಮಾಡೋದು ಪೂರ್ತಿ ತೆಗ್ದೆ, ಪಂಚೆ ತುದಿಲಿ ಸ್ಕ್ರೀನ್ ಒರೆಸಿದ್ರೆ ಅದೂ ಸ್ವೈಪೇ.

ಸೊನ್ನೆ, ಖಾಲಿ, ತಾರೀಖು

ಮಳೆ ಬರದ ದಿನ ಬೇರೆ, ಬರೆಯದ ದಿನ ಬೇರೆ. ಶಿವಮೊಗ್ಗಕ್ಕೆ ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದೋರ ಲೆಕ್ಕದಲ್ಲಿ ಆಪ್ ಸೊನ್ನೆ ತುಂಬಿಸಿದ್ರೆ ವರ್ಷದ ಒಟ್ಟು ಸುಳ್ಳು ಹೇಳುತ್ತೆ. ಈಗ ಖಾಲಿ ದಿನ ಖಾಲಿಯಾಗೇ ಕಾಣುತ್ತೆ, ಆಮೇಲೆ ಮಾಪಕದಲ್ಲಿ ತುಂಬಿರೋದನ್ನ "ಮೂರು ದಿನದ್ದು ಸೇರಿ" ಅಂತ ಹಾಕ್ಬಹುದು. ಹವಾಮಾನ ಇಲಾಖೆ ಲೆಕ್ಕ ಬೆಳಿಗ್ಗೆ 8:30ರಿಂದ ಮಾರನೇ ಬೆಳಿಗ್ಗೆ 8:30ಕ್ಕೆ, ಅಳೆದ ದಿನದ ತಾರೀಖೇ ಹಾಕೋದು. ಕೆಲವರು ಡೈರಿಲಿ ಅದನ್ನ ಹಿಂದಿನ ದಿನಕ್ಕೆ ಬರೀತಾರೆ. ನಾನು ಇಲಾಖೆ ಕ್ರಮ ಇಟ್ಕೊಂಡು ಅಂಕಿ ಕೆಳಗೆ "ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ" ಅಂತ ಒಂದು ಸಾಲು ಹಾಕಿದೆ, ಗೊಂದಲ ಅಲ್ಲಿಗೆ ನಿಂತಿದೆ.

ನಕ್ಷತ್ರ

ತಿಂಗಳ ಪ್ರಕಾರ ಪಟ್ಟಿ ಇತ್ತು. "ಆರಿದ್ರೆಲಿ ಎಷ್ಟಾಯ್ತು ತೋರ್ಸು" ಅಂತ ಎಲ್ಲ ಹಿರಿಯರೂ ಕೇಳಿದ್ರು. ಸಿಸ್ಟಮ್ ಬಳಸೋರ ಲೋಕದ ಹಾಗೇ ಮಾತಾಡ್ಬೇಕು ಅನ್ನೋದು ನೀಲ್ಸನ್‌ದು 1994ರ ಹತ್ತು ಸೂತ್ರದಲ್ಲಿ ಎರಡನೇದು, ಇಲ್ಲಿ ಆ ಲೋಕ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ ನಕ್ಷತ್ರದ್ದು. ಸೂರ್ಯ ಜೂನ್ 21-22ರ ಹೊತ್ತಿಗೆ ಆರಿದ್ರೆ, ಆಗಸ್ಟ್ 2-3ಕ್ಕೆ ಆಶ್ಲೇಷ. ಮಿಮೀ ಮಕ್ಕಳಿಗೆ ತಿಂಗಳ ಪಟ್ಟಿನೂ ಉಳಿಸಿದೀನಿ.

ಈ ಹೆಸರುಗಳನ್ನ ಹಾಕಿದ ಕೂಡ್ಲೇ ಇನ್ನೊಂದು ತಮಾಷೆ, ಆಶ್ಲೇಷದ ಒತ್ತು, ಪುಷ್ಯದ ಒತ್ತು ಎಲ್ಲ ಕೆಳಗೆ ಕತ್ತರಿಸಿ ಹೋಗ್ತಿತ್ತು. ಇಂಗ್ಲಿಷ್ ಅಳತೆಗೆ ಅಂತ ಎತ್ತರ ಫಿಕ್ಸ್ ಮಾಡಿರೋ ಸಾಲುಗಳಲ್ಲಿ ಒತ್ತಕ್ಷರಕ್ಕೆ ಜಾಗ ಇರಲ್ಲ. ಸಾಲಿನ ಅಂತರ ಜಾಸ್ತಿ ಮಾಡಿ, ಎತ್ತರ ಫಿಕ್ಸ್ ಮಾಡೋದು ಬಿಟ್ಟೆ. ತಿಳಿ ಬೂದು ಅಕ್ಷರಗಳನ್ನೂ ಕಪ್ಪು ಮಾಡಿದೆ, 4.5:1 ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರೋ ಬೆಳಕಿನ ವ್ಯತ್ಯಾಸ) ಇಲ್ಲದೇ ಇರೋದು ಒಂದೂ ಉಳಿದಿಲ್ಲ.

ಉಳಿದಿರೋದು

ಎಲ್ಲ ಫೋನಲ್ಲೇ ಉಳಿಯುತ್ತೆ, ಸಿಗ್ನಲ್ ಬೇಡ, ಕರೆಂಟ್ ಹೋದ್ರೆ ನಮ್ಮೂರಿನ ಟವರ್ ಕೂಡ ಹೋಗೋದ್ರಿಂದ ಅದು ಬೇಕೇ ಬೇಕಿತ್ತು. ಆದ್ರೆ ಫೋನ್ ಹಾಳಾದ್ರೆ ವರ್ಷದ ಲೆಕ್ಕನೇ ಹೋಯ್ತಲ್ಲ. ಲಾಗಿನ್, ಪಾಸ್ವರ್ಡ್ ನಂಗೆ ಇಷ್ಟ ಇಲ್ಲ, ದೊಡ್ಡಪ್ಪಂಗೂ ಆಗಲ್ಲ. ಬೆಳಿಗ್ಗೆ ಊರಿನ ವಾಟ್ಸಾಪ್ ಗ್ರೂಪಿಗೆ ಎಲ್ಲರೂ ಅವರವರ ಮನೆ ಮಳೆ ಹೆಂಗೂ ಹಾಕ್ತಾರೆ, ಅದಕ್ಕೆ ಒಂದು ಸಾಲಿನ ಮೆಸೇಜ್ ತಯಾರು ಮಾಡಿಕೊಡೋ ಬಟನ್ ಕೊಟ್ಟು, ತಿಂಗಳಿಗೊಂದ್ಸಲ ಪೂರ್ತಿ ಲೆಕ್ಕದ ಫೈಲನ್ನ ಮಗಂಗೋ ಮಗಳಿಗೋ ಕಳಿಸಿ ಅಂತ ನೆನಪಿಸೋ ಯೋಚನೆ ಇದೆ. ಮಘೆ ಮಳೆ ಹಿಡಿಯೋದ್ರೊಳಗೆ ಇದರ ಬಿಲ್ಡ್ ಮೂರು ಮನೆಗೆ ಕೊಡ್ತೀನಿ.