ಅಕ್ಕ, ನೀವು ಹೇಗೆ ಇಷ್ಟು ಧೈರ್ಯದಲ್ಲಿ ಇರ್ತೀರಿ?

ಈ ಪ್ರಶ್ನೆ ಯಾವಾಗಲೂ ಅಳತೆ ತೆಗೆಯುವಾಗಲೇ ಬರುವುದು. ನನ್ನ ಬಾಯಲ್ಲಿ ಗುಂಡುಸೂಜಿ, ಕೈಯಲ್ಲಿ ಟೇಪು. "ಅಕ್ಕ, ಅಷ್ಟೆಲ್ಲ ಆದ್ಮೇಲೂ ನೀವು ಹೇಗೆ ಇಷ್ಟು ಧೈರ್ಯದಲ್ಲಿ ಇರ್ತೀರಿ?" ನಾನು ಸೂಜಿ ಕಚ್ಚಿಕೊಂಡೇ "ಹ್ಮ್" ಅನ್ನುತ್ತೇನೆ. ಉತ್ತರ ಸ್ವಲ್ಪ ಉದ್ದ ಉಂಟು. ಬ್ಲೌಸಿನ ಅಳತೆ ಮುಗಿಯುವಷ್ಟರಲ್ಲಿ ಹೇಳಿ ಆಗುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

"ಅಷ್ಟೆಲ್ಲ" ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನನ್ನದು ಉಡುಪಿಯ ಕಲ್ಸಂಕದ ಹತ್ತಿರ ಸಣ್ಣ ಟೈಲರಿಂಗ್ ಅಂಗಡಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಮದುವೆ ಸೀಸನ್ ಪೂರ್ತಿ ಹೋಯಿತು. ಆಗಸ್ಟ್‌ನಲ್ಲಿ ಕೆಲಸ ಸ್ವಲ್ಪ ಕುದುರಿತು ಅನ್ನುವಾಗ ಸೆಪ್ಟೆಂಬರ್ 19ರ ರಾತ್ರಿ ಮಳೆ ಹಿಡಿಯಿತು. ಮರುದಿನ ಆದಿತ್ಯವಾರ. ಬೆಳಿಗ್ಗೆ ಎದ್ದು ನೋಡಿದರೆ ಊರಿನ ತಗ್ಗು ಜಾಗಗಳೆಲ್ಲ ನೀರಿನಲ್ಲಿದ್ದವು. ಕಲ್ಸಂಕದಲ್ಲಿ ರಸ್ತೆ ಯಾವುದು, ತೋಡು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ.

ನೀರಿಳಿದ ಮೇಲೆ ಶಟರ್ ಎತ್ತಿದೆವು. ಎರಡು ಪವರ್ ಮೆಷಿನ್, ಒಂದು ಓವರ್‌ಲಾಕ್, ಮೂರರ ಮೋಟಾರಿನಲ್ಲೂ ಕೆಸರು. ಕೆಳಗಿನ ಎರಡು ಶೆಲ್ಫಿನಲ್ಲಿದ್ದ ಗಿರಾಕಿಗಳ ಬಟ್ಟೆ ಬರೀ ಒದ್ದೆಯಾಗಿರಲಿಲ್ಲ, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿತ್ತು. ಇನ್ಶೂರೆನ್ಸ್ ಮಾಡಿಸಿರಲಿಲ್ಲ. ಮೆಷಿನಿನ ಸಾಲ ಬಾಕಿ ಇತ್ತು.

ಮೂರು ದಿನ ನಾನು ಮನೆಯ ಜಗಲಿಯಲ್ಲಿ ಸುಮ್ನೆ ಕೂತಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು. ನನ್ನನ್ನು ಧೈರ್ಯಸ್ಥೆ ಅನ್ನುವವರು ಆ ಮೂರು ದಿನ ನೋಡಿದವರಲ್ಲ. ಫೋನಿಗೆ ಮಾತ್ರ ರಾಶಿ ಮೆಸೇಜು. ಸೂರ್ಯೋದಯದ ಚಿತ್ರ, ಅದರ ಕೆಳಗೆ "ಪಾಸಿಟಿವ್ ಆಗಿರಿ". ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಕೆಸರಾದ ಬಟ್ಟೆಯ ರಾಶಿ ಬಿಟ್ಟು ಬಂದವಳಿಗೆ ನಗು ಅಂತ ಹೇಳಿದರೆ, ಅವಳಿಗೆ ಇನ್ನೊಂದು ಕೆಲಸ ಜಾಸ್ತಿ ಆಯಿತು, ಅಲ್ವಾ? ಬೇಸರದ ಜೊತೆಗೆ, ಬೇಸರ ಪಡುತ್ತಿದ್ದೇನಲ್ಲ ಅನ್ನುವ ನಾಚಿಕೆಯೂ ಸೇರಿಕೊಂಡಿತು.

ನಾಲ್ಕನೇ ದಿನ ಅಮ್ಮ ಗಂಜಿ ತಂದಿಟ್ಟು, ಒಂದು ಹಳೇ ನೋಟ್‌ಬುಕ್ ಕೊಟ್ಟರು. "ಯಾರ್‍ಯಾರ ಬಟ್ಟೆ ಇತ್ತು, ಬರಿ" ಅಂದರು. ಸಮಾಧಾನದ ಮಾತು ಒಂದೂ ಇಲ್ಲ. ನನಗೆ ಸಿಟ್ಟೇ ಬಂತು. ಆದರೂ ಬರೆದೆ. 43 ಹೆಸರು ಆದವು. ಕೆಲವು ನೆನಪಾಗದೆ, ಕೆಸರಿನ ಬಟ್ಟೆಯಲ್ಲೇ ಸಿಕ್ಕಿಸಿದ್ದ ಅಳತೆ ಚೀಟಿ ಹುಡುಕಬೇಕಾಯಿತು. ಹಾಗೆ ನಾಲ್ಕನೇ ದಿನ ಮತ್ತೆ ಅಂಗಡಿಗೆ ಹೋದೆ. ಅಮ್ಮನ ಲೆಕ್ಕಾಚಾರ ಇದೇ ಇತ್ತೋ ಏನೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಆಮೇಲೆ ದಿನಕ್ಕೆ ಆರು ಫೋನ್. ಅದಕ್ಕಿಂತ ಹೆಚ್ಚು ಮಾಡುವ ಶಕ್ತಿ ಇರಲಿಲ್ಲ, ಕಡಿಮೆ ಮಾಡಬಾರದು ಅಂತ ಹಟ. "ನಿಮ್ಮ ಬಟ್ಟೆ ಹಾಳಾಗಿದೆ" ಅಂತ ಹೇಳುವುದು ಮೆಷಿನ್ ಹೋದದ್ದಕ್ಕಿಂತ ಕಷ್ಟ. ಒಬ್ಬರು ಚೆನ್ನಾಗಿ ಬೈದರು. ಒಬ್ಬರು ಅತ್ತೇಬಿಟ್ಟರು, ಅದು ತೀರಿಹೋದ ಅವರ ತಾಯಿಯ ಸೀರೆ. ನಾನೂ ಅತ್ತೆ. ಹೆಚ್ಚಿನವರು "ಪರ್ವಾಗಿಲ್ಲ ಬಿಡಿ, ನಮ್ಮ ಮನೆಗೂ ನೀರು ಬಂದಿತ್ತು" ಅಂದರು. ಎಂಟು ದಿನದಲ್ಲಿ ಪಟ್ಟಿ ಮುಗಿಯಿತು. ನಷ್ಟ ಒಂದು ರೂಪಾಯಿಯೂ ಕಡಿಮೆ ಆಗಿರಲಿಲ್ಲ. ಆದರೆ ಊಟ ಸೇರುತ್ತಿತ್ತು.

ಇದಕ್ಕೆ ಮನಃಶಾಸ್ತ್ರದಲ್ಲೂ ಒಂದು ವಿವರಣೆ ಉಂಟು ಅಂತ ಎಷ್ಟೋ ಸಮಯದ ನಂತರ ಓದಿದೆ. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. (ಪಾಪ, ಆ ನಾಯಿಗಳು.) ಏನು ಮಾಡಿದರೂ ನಿಲ್ಲದ ಶಾಕ್ ತಿಂದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ತಪ್ಪಿಸಿಕೊಳ್ಳಲು ದಾರಿ ಇದ್ದಾಗಲೂ ಪ್ರಯತ್ನ ಮಾಡದೆ ಬಿದ್ದುಕೊಂಡವು. ಕೈಚೆಲ್ಲುವುದನ್ನು ಅವು ಕಲಿತಿವೆ ಅಂತ ಆಗ ಹೇಳಿದರು. ಸುಮಾರು 50 ವರ್ಷ ಕಳೆದು, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನೇ ತಿದ್ದಿಕೊಂಡರು. ಕೈಚೆಲ್ಲುವುದನ್ನು ಯಾರೂ ಕಲಿಯಬೇಕಾಗಿಲ್ಲ, ಕಷ್ಟ ಬಿಡದೆ ಹಿಡಿದಾಗ ಮಿದುಳು ತಾನಾಗಿ ಮಾಡುವುದೇ ಅದು. ಕಲಿಯಬೇಕಾದ್ದು, ನನ್ನ ಕೈಯಲ್ಲೂ ಏನೋ ಉಂಟು ಅನ್ನುವುದನ್ನು. ಇದನ್ನು ಓದಿದಾಗ ನನಗೆ ಆ ಮೂರು ದಿನದ ಬಗ್ಗೆ ಇದ್ದ ನಾಚಿಕೆ ಹೋಯಿತು. ಅಮ್ಮನ ನೋಟ್‌ಬುಕ್ ಏನು ಮಾಡಿತು ಅನ್ನುವುದೂ ಅರ್ಥವಾಯಿತು.

ಅಮ್ಮ ಮಾತ್ರ ಅಮೆರಿಕದವರನ್ನು ಓದಿದವರಲ್ಲ. ಅವರದ್ದು ತುಳುನಾಡಿನ ಆಟಿ ತಿಂಗಳ ಬುದ್ಧಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬರುವ ಆಟಿ ಈಗ ಹೋಟೆಲುಗಳಲ್ಲಿ ಪತ್ರೊಡೆ ಹಬ್ಬ ಆಗಿದೆ. ಅವರ ಬಾಲ್ಯದಲ್ಲಿ ಅದು ಹಸಿವಿನ ತಿಂಗಳು. ಗದ್ದೆ ಕೆಲಸ ಮುಗಿದಿರುತ್ತಿತ್ತು, ಕೂಲಿ ಇಲ್ಲ, ಕಡಲಿಗೆ ಇಳಿಯುವ ಹಾಗಿಲ್ಲ. ಆದರೆ ಯಾರೂ ಆಟಿ ಬಂದಾಗ "ಅಯ್ಯೋ, ನನಗೇ ಯಾಕೆ" ಅನ್ನುತ್ತಿರಲಿಲ್ಲ. ಬೇಸಿಗೆಯಲ್ಲೇ ಭರಣಿಗೆ ಉಪ್ಪುಸೊಳೆ, ಅಂದರೆ ಉಪ್ಪು ಹಾಕಿಟ್ಟ ಹಲಸಿನ ತೊಳೆ, ಬೀಳುತ್ತಿತ್ತು. ಹಲಸಿನ ಹಪ್ಪಳ, ಉಪ್ಪುನೀರಿನ ಮಾವಿನಕಾಯಿ, ಒಣಮೀನು, ಮಾಡಿನ ಕೆಳಗೆ ಒಣ ಸೌದೆ. ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆ ಕಲ್ಲಿನಿಂದ ಜಜ್ಜಿ ತಂದು ಕಷಾಯ. ಅದರ ಕಹಿ ಕುಡಿದವರಿಗೇ ಗೊತ್ತು. ಅದು ಸಿಹಿ ಅಂತ ನಮಗೆ ಯಾರೂ ಸುಳ್ಳು ಹೇಳಲಿಲ್ಲ. ಮೂಗು ಹಿಡಿದು ಕುಡಿಸಿ, ಆಮೇಲೆ ಮೆಂತೆ ಗಂಜಿ ಕೊಟ್ಟರು, ಅಷ್ಟೇ.

ನನ್ನ ಪುಣ್ಯಕ್ಕೆ ನನ್ನದೂ ಒಂದು ಭರಣಿ ಇತ್ತು, ಪಿಗ್ಮಿ. ಒಂದು ಸೊಸೈಟಿಯಲ್ಲಿ ದಿನಕ್ಕೆ 50 ರೂಪಾಯಿ ಕಟ್ಟುತ್ತಿದ್ದೆ. ಪಿಗ್ಮಿ ನಮ್ಮ ಉಡುಪಿಯದ್ದೇ ಸೃಷ್ಟಿ ಅಂತ ಇಲ್ಲಿಯವರಿಗೇ ಮರೆತುಹೋಗಿದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಬ್ಯಾಂಕು 1925ರಲ್ಲಿ ಇಲ್ಲಿ ಶುರುವಾದದ್ದು ಸೋತು ಕೂತ ಕೈಮಗ್ಗದ ನೇಕಾರರಿಗೆ ಹಣದ ಸಹಾಯ ಮಾಡಲಿಕ್ಕೆ. 1928ರಲ್ಲಿ ಮನೆ ಮನೆಗೆ ಹೋಗಿ ದಿನಕ್ಕೆ 2 ಆಣೆ ಸಂಗ್ರಹಿಸುವ ಪಿಗ್ಮಿ ತಂದರು. ಬಟ್ಟೆಯವರಿಗಾಗಿ ಹುಟ್ಟಿದ ಬ್ಯಾಂಕಿನ ಉಪಾಯ ಕೊನೆಗೆ ಬಟ್ಟೆ ಹೊಲಿಯುವ ನನ್ನನ್ನೂ ಕಾಯಿತು ನೋಡಿ. ಆ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮೆಷಿನ್ ಬಂತು. ಹಳೆಯದರಲ್ಲಿ ಒಂದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮೋಟಾರ್ ಬದಲಿಸಿ ಎಬ್ಬಿಸಿದೆವು. ಓವರ್‌ಲಾಕ್ ಏಳಲೇ ಇಲ್ಲ.

ಇಷ್ಟು ಕೇಳಿ ನನಗೆ ಎಲ್ಲ ಸರಿಯಾಯಿತು ಅಂದುಕೊಳ್ಳಬೇಡಿ. ನವೆಂಬರ್‌ನಲ್ಲಿ ನಿದ್ದೆಯೇ ಬರುತ್ತಿರಲಿಲ್ಲ. ಕಾರಣ ಇಲ್ಲದೆ ಎದೆ ಹೊಡೆದುಕೊಳ್ಳುತ್ತಿತ್ತು. ನೋಟ್‌ಬುಕ್ಕೂ ಗಂಜಿಯೂ ಅಲ್ಲಿ ಕೆಲಸ ಮಾಡಲಿಲ್ಲ. ಡಾಕ್ಟರ ಹತ್ತಿರ ಹೋದೆ, ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ಅದನ್ನು ಮುಚ್ಚಿಡುವುದು ಯಾಕೆ? ಈಗಾದರೆ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಉಂಟು, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲದವರಿಗೆ ನಾನು ಧೈರ್ಯ ಹೇಳುವುದಿಲ್ಲ, ಈ ನಂಬರ್ ಬರೆದು ಕೊಡುತ್ತೇನೆ.

ಅಂಗಡಿಯಲ್ಲಿ ಈಗ ಮೆಷಿನುಗಳು ಕೆಂಪುಕಲ್ಲಿನ ಕಟ್ಟೆಯ ಮೇಲಿವೆ. ಗಿರಾಕಿಗಳ ಬಟ್ಟೆ ನನ್ನ ಭುಜಕ್ಕಿಂತ ಮೇಲಿನ ಶೆಲ್ಫಿನಲ್ಲಿ. ಸ್ಟೂಲ್ ಹತ್ತಿ ತೆಗೆಯುವಾಗ ಮೊಣಕಾಲು ಬೈಯುತ್ತದೆ. ಗೋಡೆಯಲ್ಲಿ ನೀರು ನಿಂತ ಗುರುತು ಹಾಗೇ ಉಂಟು. ಪೈಂಟ್ ಮಾಡಲು ಬಂದವರು ಅದನ್ನೂ ಮುಚ್ಚಲು ಹೊರಟಿದ್ದರು, ನಾನೇ ಬೇಡ ಅಂದೆ. ಇನ್ನು ಮೇಲೆ ಶೆಲ್ಫ್ ಮಾಡಿಸುವಾಗ ಅಳತೆಗೆ ಬೇಕಾಗುತ್ತದೆ.

ಈಗಲೂ ರಾತ್ರಿ ಜೋರು ಮಳೆ ಬಂದರೆ ನನಗೆ ಎಚ್ಚರ ಆಗುತ್ತದೆ. ಮಗ್ಗುಲು ಬದಲಿಸುತ್ತಿದ್ದರೆ ನಮ್ಮ ಮನೆಯವರು ಕಣ್ಣು ಬಿಡದೆಯೇ ಕೇಳುತ್ತಾರೆ, "ಹೋಗಿ ನೋಡಿ ಬರುವನಾ?" ಕೆಲವು ಸಲ ಬೇಡ ಅನ್ನುತ್ತೇನೆ. ಕೆಲವು ಸಲ ಇಬ್ಬರೂ ರೈನ್‌ಕೋಟ್ ಹಾಕಿ ಸ್ಕೂಟರಿನಲ್ಲಿ ಹೋಗುತ್ತೇವೆ. ಮೆಟ್ಟಿಲಿಗೆ ಟಾರ್ಚ್ ಬಿಟ್ಟು ನೋಡುತ್ತೇವೆ. ಹೋದ ಮಳೆಗಾಲದಲ್ಲಿ ಒಂದು ದಿನ ನೀರು ಎರಡನೇ ಮೆಟ್ಟಿಲಿನವರೆಗೆ ಬಂದಿತ್ತು. ಸ್ವಲ್ಪ ಹೊತ್ತು ನಿಂತೆವು. ಮೂರನೆಯದಕ್ಕೆ ಏರಲಿಲ್ಲ. ಮನೆಗೆ ಬಂದು ಚಾ ಮಾಡಿದೆ.