ಟೇಪಿನೊಡನೆ ಕಿತ್ತು ಬಂದ ಬಣ್ಣ

ಆಯುಧಪೂಜೆಯ ಮಾರನೆಯ ದಿನ ಬೆಳಿಗ್ಗೆ ಕಾರಿಗೆ ಕಟ್ಟಿದ್ದ ಬಾಳೆಕಂದನ್ನೂ ಮಾವಿನ ಸೊಪ್ಪನ್ನೂ ಬಿಚ್ಚುತ್ತಿದ್ದಾಗ, ಎಡಗಡೆಯ ಹಿಂಬಾಗಿಲಿಗೆ ಅಂಟಿಸಿದ್ದ ಟೇಪಿನ ಜೊತೆಗೆ ಹೆಬ್ಬೆರಳ ಉಗುರಿನಷ್ಟು ಬಣ್ಣವೂ ಕಿತ್ತು ಬಂದಿತು. ಅದೇ ಟೇಪಿನ ಇನ್ನೊಂದು ತುಂಡು ಮುಂಬಾಗಿಲಿನ ಮೇಲೂ ಒಂದು ಹಗಲು, ಒಂದು ರಾತ್ರಿ ಅಂಟಿಕೊಂಡಿತ್ತು. ಅಲ್ಲಿ ತುಸು ಅಂಟು ಉಳಿದದ್ದನ್ನು ಬಿಟ್ಟರೆ ಬಣ್ಣಕ್ಕೆ ಏನೂ ಆಗಿರಲಿಲ್ಲ. ಎರಡೂ ಒಂದೇ ಕಾರಿನ ಬಾಗಿಲುಗಳು, ಒಂದೇ ಬಿಸಿಲು ಮಳೆಯನ್ನು ಕಂಡವು. ಆದರೆ ಮುಂಬಾಗಿಲಿನ ಬಣ್ಣ ಕಾರ್ಖಾನೆಯಲ್ಲಿ ಹಚ್ಚಿದ್ದು, ಹಿಂಬಾಗಿಲಿನದು ನಾಲ್ಕು ವರ್ಷಗಳ ಹಿಂದೆ ನಾನೇ ಹಣ ಕೊಟ್ಟು ಗ್ಯಾರೇಜೊಂದರಲ್ಲಿ ಹೊಡೆಸಿದ್ದು.

ಆಗ ಹೊಡೆಸಿದ್ದು ಒಂದು ಗೇಣುದ್ದದ ಗೀರಿನ ಸಲುವಾಗಿ. ಬಸವನಗುಡಿಯ ನಮ್ಮ ಅಡ್ಡರಸ್ತೆಯಲ್ಲಿ ಎರಡೂ ಬದಿಗೆ ವಾಹನಗಳು ನಿಂತರೆ ನಡುವೆ ಸ್ಕೂಟರ್ ಒಂದು ಕಷ್ಟಪಟ್ಟು ನುಸುಳಬೇಕು; ಹಾಗೆ ನುಸುಳಿದ ಯಾವುದೋ ಸ್ಕೂಟರಿನ ಹ್ಯಾಂಡಲ್ ತಾಗಿ ಆದ ಗೀರು ಅದು. ಗ್ಯಾರೇಜಿನವರು ನೋಡಿದವರೇ, ಪೂರ್ತಿ ಬಾಗಿಲಿಗೆ ಪೇಂಟ್ ಹೊಡೆಯದೆ ಬೇರೆ ದಾರಿಯಿಲ್ಲ ಎಂದರು, ನಾನು ಒಪ್ಪಿದೆ. ಆ ಗೀರು ಮಳೆಯಲ್ಲಿ ನೆನೆದಾಗ ಕಾಣುತ್ತಿರಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಅದರ ಅರ್ಥ ಆಗ ತಿಳಿದಿದ್ದರೆ ಆ ಬಾಗಿಲನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಇದನ್ನು ಬರೆಯುತ್ತಿರುವುದು ಆ ಕಾರಣಕ್ಕೆ.

ಕಾರಿನ ಬಣ್ಣ ಎಂದು ನಾವು ಕರೆಯುವುದು ಸಾಮಾನ್ಯವಾಗಿ ನಾಲ್ಕು ಪದರಗಳ ಒಂದು ಹೊದಿಕೆ. ತಗಡಿಗೆ ಅಂಟಿಕೊಂಡಿರುವುದು ತುಕ್ಕು ತಡೆಯುವ ಪದರ. ಇದನ್ನು ಬ್ರಷ್ಷಿನಿಂದಲೋ ಸ್ಪ್ರೇ ಗನ್ನಿನಿಂದಲೋ ಹಚ್ಚುವುದಿಲ್ಲ, ಕಾರಿನ ಇಡೀ ಒಡಲನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದುಗೊಂದುಗಳಲ್ಲಿಯೂ ಕೂರುವಂತೆ ಮಾಡುತ್ತಾರೆ. ಅದರ ಮೇಲೆ ಬಣ್ಣಕ್ಕೆ ನೆಲೆಯಾಗುವ ಪ್ರೈಮರ್, ಪ್ರೈಮರಿನ ಮೇಲೆ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇವೆಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50 ಮೈಕ್ರಾನ್; ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವುದೂ, ಹೊಳಪು ಕೊಡುವುದೂ, ದಿನನಿತ್ಯದ ತರಚುಗಳಿಗೆ ಮೈಯೊಡ್ಡುವುದೂ ಈ ಒಂದು ಕೂದಲೆಳೆಯಷ್ಟೂ ದಪ್ಪವಿಲ್ಲದ ಪದರವೇ.

ಗ್ಯಾರೇಜಿನವರು ಇದನ್ನು ‘ಕಂಪನಿ ಪೇಂಟ್’ ಎನ್ನುತ್ತಾರೆ, ಆ ಮಾತಿನಲ್ಲಿ ಒಂದು ಗೌರವವಿದೆ, ಅದಕ್ಕೆ ಕಾರಣವೂ ಇದೆ. ಕಾರ್ಖಾನೆಯಲ್ಲಿ ಬಣ್ಣ ಹಚ್ಚುವಾಗ ಕಾರು ಬರಿಯ ತಗಡಿನ ಒಡಲು; ಸೀಟು, ಟೈರು, ವೈರು ಯಾವುದೂ ಇರುವುದಿಲ್ಲ. ಆದ್ದರಿಂದ ಆ ಒಡಲನ್ನು ಒಲೆಯಂಥ ಕೋಣೆಗೆ ಕಳಿಸಿ ಮೇಲಿನ ಪದರಗಳನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತಳದ ಪದರವನ್ನು ಅದಕ್ಕಿಂತಲೂ ಹೆಚ್ಚಿನ ಶಾಖದಲ್ಲಿ ಬೇಯಿಸಬಹುದು. ಪೂರ್ತಿ ಜೋಡಿಸಿದ ಕಾರನ್ನು ಹಾಗೆ ಬೇಯಿಸಲು ಸಾಧ್ಯವಿಲ್ಲ. ಒಳ್ಳೆಯ ವರ್ಕ್‌ಶಾಪಿನಲ್ಲಿ ಬಣ್ಣ ಹೊಡೆದು ಒಣಗಿಸುವ ಕೋಣೆಯಾದ ಬೂತಿನಲ್ಲಿಯೂ ಶಾಖ 60 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಅದಕ್ಕೆ ಒಗ್ಗುವಂತೆ ಗಟ್ಟಿಕಾರಕ ಬೆರೆಸಿದ ಬೇರೆಯೇ ಬಣ್ಣವನ್ನು ಬಳಸುತ್ತಾರೆ. ರಸ್ತೆಬದಿಯ ಗ್ಯಾರೇಜಿನಲ್ಲಿ ಬಿಸಿಲೇ ಬೂತು. ನುರಿತ ಕೈ ಇದ್ದರೆ ಈ ಬಣ್ಣವೂ ಹಲವು ವರ್ಷ ಬಾಳುತ್ತದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಒಮ್ಮೆ ಉಜ್ಜಿ ತೆಗೆದ ಕಂಪನಿ ಪೇಂಟನ್ನು ಯಾವ ಊರಿನ ಯಾವ ಪೇಂಟರ್ ಕೂಡ ಮರಳಿ ಕೊಡಲಾರ. ಹೀಗಾಗಿ ಗೀರು ರಿಪೇರಿ ಎಂದರೆ ನನ್ನ ಮಟ್ಟಿಗೆ ಈಗ ಒಂದೇ ಲೆಕ್ಕ: ಎಷ್ಟು ಕಡಿಮೆ ತೆಗೆದು ಕೆಲಸ ಮುಗಿಸಬಹುದು?

ಅದಕ್ಕೆ ಮೊದಲು ಗೀರು ಯಾವ ಪದರದವರೆಗೆ ಇಳಿದಿದೆ ಎಂದು ತಿಳಿಯಬೇಕು, ತಿಳಿಯಲು ಉಪಕರಣ ಬೇಡ. ಜಾಗವನ್ನು ತೊಳೆದು, ಗೀರಿನ ಮೇಲೆ ನೀರು ಸವರಿ ನೋಡಬೇಕು. ನೀರಿರುವಷ್ಟು ಹೊತ್ತು ಗೀರು ಮಾಯವಾಗಿ, ಒಣಗಿದ ಮೇಲೆ ಬೆಳ್ಳಗೆ ಮರಳಿದರೆ ಅದು ಕ್ಲಿಯರ್ ಕೋಟಿನೊಳಗೇ ಇದೆ. ಗೀರಿನ ಅಂಚುಗಳಲ್ಲಿ ಚದುರುತ್ತಿದ್ದ ಬೆಳಕನ್ನು ನೀರು ತುಂಬಿ ಸಮ ಮಾಡಿತು, ಅಷ್ಟೇ. ಉಗುರನ್ನು ಗೀರಿಗೆ ಅಡ್ಡಲಾಗಿ ಮೆಲ್ಲನೆ ಎಳೆದಾಗ ಸಿಕ್ಕಿಕೊಂಡರೆ ಗೀರು ಆಳವಾಗಿದೆ, ಬರಿಯ ಪಾಲಿಶಿನಿಂದ ಪೂರ್ತಿ ಹೋಗದು. ಒಳಗೆ ಬೇರೆ ಬಣ್ಣದ ಗೆರೆ ಕಂಡರೆ ಅದು ಪ್ರೈಮರ್. ಲೋಹ ಹೊಳೆದರೆ ಅಥವಾ ಕಂದು ಕಲೆ ಇದ್ದರೆ ತಗಡೇ ತೆರೆದಿದೆ, ಮಳೆಗಾಲದಲ್ಲಿ ಅದಕ್ಕೆ ಕಾಯುವ ಸಮಯವಿಲ್ಲ, ಏಕೆಂದರೆ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಸುತ್ತಲಿನ ಒಳ್ಳೆಯ ಬಣ್ಣವನ್ನೂ ಒಳಗಿನಿಂದ ಎಬ್ಬಿಸುತ್ತದೆ.

ಬಂಪರಿನ ಮೇಲಿನ ‘ಗೀರು’ಗಳಲ್ಲಿ ಎಷ್ಟೋ ಗೀರುಗಳೇ ಅಲ್ಲ. ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ಕಂಬಗಳಿಗೆ ಹಳದಿ, ಕಪ್ಪು ಪಟ್ಟೆ ಬಳಿದಿರುತ್ತಾರಲ್ಲ, ಆ ಹಳದಿ ಬಣ್ಣ ಬಂಪರಿಗೆ ಮೆತ್ತಿಕೊಂಡಿರುತ್ತದೆ. ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನನ್ನು ಬಟ್ಟೆಗೆ ಹಾಕಿಕೊಂಡು ಮೆಲ್ಲಗೆ ಒರೆಸಿ, ಕೂಡಲೇ ಸೋಪಿನ ನೀರಿನಲ್ಲಿ ತೊಳೆದರೆ ಬಹುಪಾಲು ಹೋಗುತ್ತದೆ. ನನ್ನ ತಂಗಿಯ ಕಾರಿನ ಬಂಪರನ್ನು ಬದಲಿಸಲೇಬೇಕು ಎಂಬ ಸಲಹೆ ಬಂದಿದ್ದರೂ ಅದು ಹೀಗೆ ಅರ್ಧ ಗಂಟೆಯಲ್ಲಿ ಸರಿಹೋಯಿತು.

ಈ ಬಾರಿಯ ಹಬ್ಬದಲ್ಲಿ ನನ್ನ ಮುಂಬಾಗಿಲಿಗೂ ಒಂದು ಪೆಟ್ಟು ಬಿದ್ದಿತ್ತು. ಕನ್ನಡಿಗೆ ಕಟ್ಟಿದ್ದ ಬಾಳೆಕಂದು, ದೊಡ್ಡ ಗಣಪತಿ ದೇವಸ್ಥಾನದವರೆಗೆ ಹೋಗಿ ಬರುವಷ್ಟರಲ್ಲಿ ಗಾಳಿಗೆ ಅಲ್ಲಾಡಿ, ಬಾಗಿಲಿನ ಮೇಲಿನ ಧೂಳನ್ನು ತಿಕ್ಕಿ, ಅಂಗೈಯಗಲದಷ್ಟು ಜಾಗದಲ್ಲಿ ನವುರಾದ ಗೀರುಗಳ ಬಲೆಯನ್ನೇ ಹೆಣೆದಿತ್ತು. ಬಾಳೆ ಮೆತ್ತಗಿನದು, ಆದರೆ ನಮ್ಮೂರಿನ ಧೂಳಿನಲ್ಲಿ ಕಲ್ಲಿನ ಹುಡಿ ಇದೆ, ಅದು ಕ್ಲಿಯರ್ ಕೋಟಿಗಿಂತ ಬಹಳ ಗಡಸು. ಬೆಳಿಗ್ಗೆ ಒಣಬಟ್ಟೆಯಿಂದ ಕಾರು ಒರೆಸುವ ನಮ್ಮ ಬೀದಿಯ ಅಭ್ಯಾಸವೂ ಮಾಡುವುದು ಇದನ್ನೇ. ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಮೇಲೆ ಜೇಡರ ಬಲೆಯಂತೆ ಕಾಣುವ ಸುತ್ತುಗೀರುಗಳು ಹೆಚ್ಚಾಗಿ ಹೀಗೆ ಹುಟ್ಟಿದವು.

ನೀರು ಹಾಕಿ ನೋಡಿದೆ, ಮಾಯವಾದವು. 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ಬಂದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಅಂದಿನಿಂದ ನಾನು ಬೋರ್‌ವೆಲ್ ನೀರನ್ನು ಎರಡು ಬಕೆಟ್ ಮಾತ್ರ ಬಳಸುತ್ತೇನೆ, ಒಂದು ಸೋಪಿಗೆ, ಒಂದು ಬಟ್ಟೆಯ ಮಣ್ಣು ಬಿಡಿಸಲು. ಗಡಸು ನೀರು ಬಿಸಿಲಿನಲ್ಲಿ ತಾನಾಗಿ ಆರಿದರೆ ಬಿಳಿಯ ಉಪ್ಪಿನ ಉಂಗುರಗಳನ್ನು ಬಿಡುವುದರಿಂದ ನೆರಳಿನಲ್ಲಿ ತೊಳೆದು ಕೂಡಲೇ ಒರೆಸಿದೆ. ಆ ಮೇಲೆ ಸುತ್ತಲೂ ಮಾಸ್ಕಿಂಗ್ ಟೇಪ್ ಹಾಕಿ, ಮೈಕ್ರೋಫೈಬರ್ ಬಟ್ಟೆಯ ಮೇಲೆ ನಯವಾದ ಕಾಂಪೌಂಡನ್ನು (ಉಜ್ಜಿ ಹೊಳಪು ತರುವ ಲೇಪ) ಹುರುಳಿಕಾಳಿನಷ್ಟು ಹಾಕಿಕೊಂಡು, ಹಗುರವಾಗಿ, ಒಂದು ಬಾರಿ ಉದ್ದಕ್ಕೆ, ಒಂದು ಬಾರಿ ಅಡ್ಡಕ್ಕೆ ಉಜ್ಜಿದೆ. ಕಾಂಪೌಂಡ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಮೇಲ್ಮೈಯನ್ನು ಕೆಲವೇ ಮೈಕ್ರಾನ್‌ಗಳಷ್ಟು ಸವೆಸಿ ಗೀರಿನ ತಳಕ್ಕೆ ಹತ್ತಿರ ತರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೈ ತಾನಾಗಿ ಹಗುರವಾಗುತ್ತದೆ. ಸವೆಯಲು ಇರುವುದೇ ಅಷ್ಟು, ಪ್ರತಿ ಹಬ್ಬಕ್ಕೂ ಬಫಿಂಗ್, ಅಂದರೆ ಯಂತ್ರದಿಂದ ಉಜ್ಜಿ ಹೊಳಪು, ಮಾಡಿಸುತ್ತ ಹೋದರೆ ಒಂದು ದಿನ ಕ್ಲಿಯರ್ ಕೋಟೇ ಉಳಿಯದು. ಅದರಲ್ಲೂ ಬಾಗಿಲಿನ ಏಣುಗಳ ಮೇಲೆ ಪದರ ತೆಳುವಾಗಿರುತ್ತದೆ, ಅಲ್ಲಿ ಬಫಿಂಗ್ ಯಂತ್ರವನ್ನು ಒಂದೇ ಕಡೆ ಹಿಡಿದಿಡಲೇಬಾರದು. ಉಜ್ಜಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಆ ಕಾರಿಗೆ ಕ್ಲಿಯರ್ ಕೋಟ್ ಇಲ್ಲ, ಅಥವಾ ಅದು ಮುಗಿದಿದೆ ಎಂದು ತಿಳಿದು ನಿಲ್ಲಿಸಬೇಕು. ಟೂತ್‌ಪೇಸ್ಟ್ ಬಳಸಲು ಹೇಳುವವರಿದ್ದಾರೆ; ಅದು ಹಲ್ಲಿಗಾಗಿ ಮಾಡಿದ್ದು, ಅದರ ಕಣ ಎಷ್ಟು ಒರಟೆಂದು ನಮಗೆ ಗೊತ್ತಿರುವುದಿಲ್ಲ.

ಬಾನೆಟ್ಟಿನ ಅಂಚಿನಲ್ಲಿ ಮೈಸೂರು ರಸ್ತೆಯ ಲಾರಿಯೊಂದು ಚಿಮ್ಮಿಸಿದ ಕಲ್ಲಿನ ಗುರುತು ಪ್ರೈಮರಿನವರೆಗೆ ಇಳಿದಿತ್ತು. ಅಲ್ಲಿ ಉಜ್ಜಿ ಪ್ರಯೋಜನವಿಲ್ಲ, ತುಂಬಬೇಕು. ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೋ ಬಾನೆಟ್ಟಿನ ಕೆಳಗೋ ಇರುವ ಚೀಟಿಯಲ್ಲಿ ಬಣ್ಣದ ಕೋಡ್ ಇರುತ್ತದೆ. ಅದನ್ನು ಬರೆದುಕೊಂಡು ಹೋಗಿ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಅದೇ ಬಣ್ಣದ ಸಣ್ಣ ಟಚಪ್ ಬಾಟಲಿ ತಂದೆ. ಬಾಟಲಿಯ ಬ್ರಷ್ ಈ ಕೆಲಸಕ್ಕೆ ತೀರ ದಪ್ಪ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ಎತ್ತಿ ಗುಣಿಯ ನಡುವೆ ಇಟ್ಟರೆ ಅದು ತಾನೇ ಅಂಚಿನವರೆಗೆ ಹರಿಯುತ್ತದೆ. ಒಣಗಿದ ಮೇಲೆ ಬಣ್ಣ ಕುಗ್ಗುತ್ತದೆ, ಆದ್ದರಿಂದ ಮೂರು ದಿನ, ದಿನಕ್ಕೊಂದು ತೆಳುವಾದ ಹನಿ. ಆಮೇಲೆ ಕ್ಲಿಯರ್ ಎರಡು ಹನಿ, ಸುತ್ತಲಿನ ಮಟ್ಟಕ್ಕಿಂತ ಒಂದು ಎಳೆ ಎತ್ತರವಾಗುವವರೆಗೆ. ಒಂದು ವಾರ ಮುಟ್ಟದೆ ಬಿಟ್ಟು, 2000 ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ನುಣುಪಾದ ಉಪ್ಪುಕಾಗದ) ಪೆನ್ಸಿಲ್ ರಬ್ಬರಿನ ಚೂರಿಗೆ ಸುತ್ತಿ, ಸೋಪಿನ ನೀರು ಹನಿಸುತ್ತ, ಎದ್ದಿದ್ದ ಹನಿಯ ತಲೆಯನ್ನು ಮಾತ್ರ ಸಮ ಮಾಡಿ, 3000 ನಂಬರಿನಲ್ಲಿ ಒಮ್ಮೆ ಸವರಿ, ಪಾಲಿಶ್ ಮಾಡಿದೆ. ಬಗ್ಗಿ ನೋಡಿದರೆ ಈಗಲೂ ಗುರುತು ಕಾಣುತ್ತದೆ, ನಿಂತು ನೋಡಿದರೆ ಕಾಣುವುದಿಲ್ಲ, ನೀರು ಒಳಗೆ ಇಳಿಯುವುದಿಲ್ಲ. ಅದಕ್ಕಿಂತ ಹೆಚ್ಚನ್ನು ನಾನು ಬೇಡಲಿಲ್ಲ.

ಇಂಥ ಸಣ್ಣ ಗೀರಿಗೆ ವಿಮೆಯನ್ನು ಕೇಳುವುದೂ ನಷ್ಟದ ಬಾಬತ್ತೇ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20 ಪ್ರತಿಶತದಿಂದ ಆರಂಭವಾಗಿ ಸತತ ಐದು ವರ್ಷಕ್ಕೆ 50 ಪ್ರತಿಶತ ಮುಟ್ಟುವ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ, ಸಾಮಾನ್ಯವಾಗಿ ಒಂದೇ ಕ್ಲೇಮಿಗೆ ಸೊನ್ನೆಯಾಗುತ್ತದೆ.

ಇನ್ನು ಆ ಹಿಂಬಾಗಿಲು. ಅದರ ಬಣ್ಣ ಸಂಜೆಯ ಓರೆ ಬೆಳಕಿನಲ್ಲಿ ಮುಂಬಾಗಿಲಿಗಿಂತ ಕಪ್ಪಾಗಿ ಕಾಣುವುದನ್ನು ನಾನು ಮೊದಲ ವಾರದಲ್ಲೇ ಗಮನಿಸಿದ್ದೆ. ಬೂದು ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಮ್ಮಿನ ಸಣ್ಣ ಚಕ್ಕೆಗಳಿರುತ್ತವೆ. ಗನ್ನಿನ ಒತ್ತಡ, ದೂರ, ಕೈಯ ವೇಗ ಬದಲಾದಂತೆ ಅವು ಮಲಗುವ ರೀತಿ ಬದಲಾಗುತ್ತದೆ, ಅದೇ ಕೋಡಿನ ಬಣ್ಣವೂ ಬೇರೆಯಾಗಿ ಕಾಣುತ್ತದೆ. ಅದಕ್ಕೇ ತಿಳಿದವರು ಹೊಸ ಬಣ್ಣವನ್ನು ಪಕ್ಕದ ಪ್ಯಾನಲ್ಲಿನವರೆಗೆ ತೆಳುವಾಗಿ ಎಳೆದು ಬೆರೆಸುತ್ತಾರೆ. ಟೇಪು ಕಿತ್ತ ಜಾಗದಲ್ಲಿ ಇನ್ನೊಂದು ಸಂಗತಿ ಕಂಡಿತು: ಒಳಗೆ ಹಳೆಯ ಬಣ್ಣ ಹೊಳೆಯುತ್ತಿತ್ತು. ಹೊಸ ಬಣ್ಣ ಕಚ್ಚಿಕೊಳ್ಳಬೇಕಾದರೆ ಹಳೆಯದರ ಹೊಳಪನ್ನು ವಾಟರ್ ಪೇಪರಿನಿಂದ ಮಂಕಾಗುವವರೆಗೆ ಉಜ್ಜಬೇಕು. ಇಲ್ಲಿ ಯಾರೂ ಉಜ್ಜಿರಲಿಲ್ಲ.

ವಿಲ್ಸನ್ ಗಾರ್ಡನ್ನಿನಲ್ಲಿ ನಲವತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ಹಿರಿಯ ಪೇಂಟರ್ ಒಬ್ಬರಿಗೆ ತೋರಿಸಿದೆ. ಅವರು ಬಾಗಿಲಿನ ಕೆಳಗಿನ ಮೂಲೆಯಲ್ಲಿ ಬಣ್ಣ ತೆಳುವಾಗಿಸಲು ಬಳಸುವ ಥಿನ್ನರ್ ಹಾಕಿದ ಬಟ್ಟೆಯನ್ನು ಒತ್ತಿ ಒರೆಸಿದರು. ಬಟ್ಟೆ ಬೂದಾಯಿತು. “ಇದು ಡ್ಯೂಕೋ ಸಾರ್” ಎಂದರು. ಡ್ಯೂಕೋ ಎಂಬುದು 1923ರಲ್ಲಿ ಅಮೆರಿಕದಲ್ಲಿ ಬಂದ ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣದ ಹೆಸರು. ನಮ್ಮ ಪೇಂಟರುಗಳ ಬಾಯಲ್ಲಿ ಅದು ಆ ಜಾತಿಯ ಎಲ್ಲ ಬಣ್ಣಗಳ ಹೆಸರಾಗಿ ಉಳಿದಿದೆ. ಥಿನ್ನರ್ ಆವಿಯಾಗಿ ಒಣಗುವ ಬಣ್ಣವಾದ್ದರಿಂದ ಅದು ಮತ್ತೆ ಥಿನ್ನರಿಗೆ ಕರಗುತ್ತದೆ. ಶಾಖದಲ್ಲಿ ಬೆಂದು ಗಟ್ಟಿಯಾದ ಕಂಪನಿ ಪೇಂಟ್ ಹಾಗೆ ಸುಲಭವಾಗಿ ಕರಗದು. ಅವರು ಒರೆಸಿದ ಮೂಲೆಯಲ್ಲಿ, ನಾನು ಕಳೆದುಕೊಂಡೆನೆಂದು ತಿಳಿದಿದ್ದ ಬಣ್ಣ ಹಾಗೆಯೇ ಇತ್ತು.

“ಉಜ್ಜದೇ ಇದ್ದಿದ್ದು ಒಳ್ಳೇದೇ ಆಯ್ತು ಸಾರ್. ಗೀರಿನ ಸುತ್ತ ಪುಟ್ಟಿ ಹಾಕಿರ್ತಾರೆ, ಅಲ್ಲಿ ಮಾತ್ರ ಹೋಗಿರತ್ತೆ. ಉಳಿದಿದ್ದನ್ನ ಮೆಲ್ಲಗೆ ತೆಗೆದು ನೋಡೋಣ” ಎಂದರು. ಈಗಲೇ ಮಾಡಬಹುದೇ ಎಂದು ಕೇಳಿದೆ. ಪುಟ್ಟಿ, ಅಂದರೆ ಗೀರು ತುಂಬುವ ಮೆತ್ತೆ, ಇರುವಷ್ಟು ಜಾಗಕ್ಕೆ ಹೊಸದಾಗಿ ಹೊಡೆಯಲೇಬೇಕು, ಗಾಳಿಯಲ್ಲಿ ಇಷ್ಟು ತೇವ ಇರುವಾಗ ಥಿನ್ನರ್ ಆರುತ್ತ ತಗಡನ್ನು ತಣ್ಣಗಾಗಿಸಿ ಬಣ್ಣದ ಮೇಲೆ ಬಿಳಿಯ ಮಂಜು ಕೂರುತ್ತದೆ ಎಂದು ವಿವರಿಸಿದರು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯವು, ಹಿಂಗಾರು ಹಿಂದೆ ಸರಿದ ಮೇಲೆಯೇ ಗಾಳಿ ಒಣಗುವುದು. ಗಟ್ಟಿಕಾರಕ ಬೆರೆಸಿದ ಬಣ್ಣವನ್ನು ಅವರಲ್ಲಿಯೇ, ಸರಿಯಾದ ಮಾಸ್ಕ್ ಹಾಕಿಕೊಂಡು ಹೊಡೆಯುತ್ತಾರೆ. ಅದರಲ್ಲಿರುವ ಐಸೋಸಯನೇಟ್ ಉಸಿರಿಗೆ ಸೇರಿದರೆ ಆಸ್ತಮಾ ತರಬಹುದು, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ಆದ್ದರಿಂದ ಮನೆಯ ಮುಂದೆ ನಾನು ಮಾಡುವ ಕೆಲಸ ಅದಲ್ಲ.

ಸಂಕ್ರಾಂತಿ ಕಳೆದ ಮೇಲಿನ ಮೊದಲ ಸೋಮವಾರಕ್ಕೆ ಕಾರು ಬಿಡುವುದೆಂದು ಮಾತಾಗಿದೆ. ಅಲ್ಲಿಯವರೆಗೆ ಕಿತ್ತ ಜಾಗದ ಅಂಚು ಇನ್ನಷ್ಟು ಏಳದಂತೆ ಅದೇ ಟಚಪ್ ಬಾಟಲಿಯಿಂದ ಸುತ್ತಲೂ ಒಂದು ಗೆರೆ ಹಚ್ಚಿ, ನಡುವಿನ ಹೊಳಪನ್ನು ಹಾಗೆಯೇ ಬಿಟ್ಟಿದ್ದೇನೆ.