ಬಾಣ ಹಾಕಿ ತೋರಿಸು

ಫೆಬ್ರವರಿ ಬಂತೆಂದರೆ ಹತ್ತನೆಯ ತರಗತಿಗೆ ಪಾಠ ಮಾಡುವವರ ಮನೆಯಲ್ಲಿ ಅಲಾರಾಂ ಎರಡು ಸಲ ಹೊಡೆದುಕೊಳ್ಳುತ್ತದೆ. ಮೊದಲನೆಯದು ನಾವು ಏಳುವುದಕ್ಕೆ, ಎರಡನೆಯದು ದತ್ತು ಮಕ್ಕಳಿಗೆ, ಅಂದರೆ ಶಾಲೆ ನಮ್ಮ ನಮ್ಮ ಹೆಸರಿಗೆ ಹಂಚಿಕೊಟ್ಟ ವಿದ್ಯಾರ್ಥಿಗಳಿಗೆ, ಫೋನ್ ಮಾಡಿ ಎಬ್ಬಿಸುವುದಕ್ಕೆ. ಬೆಳಗಿನ ಐದು ಗಂಟೆಗೆ ಆ ಕಡೆ ಫೋನ್ ಎತ್ತುವವರು ಸಾಮಾನ್ಯವಾಗಿ ತಾಯಂದಿರು. ಗಾರ್ಮೆಂಟ್ಸ್‌ಗೆ ಹೊರಡುವ ಮೊದಲು ಅಡುಗೆ ಮುಗಿಸುವ ಗಡಿಬಿಡಿಯಲ್ಲಿ ಇರುತ್ತಾರೆ. “ಎದ್ದಿದ್ದಾನೆ ಮೇಡಂ, ಓದುತ್ತಿದ್ದಾನೆ” ಎನ್ನುತ್ತಾರೆ. ಹಿಂದಿನಿಂದ ಗೊರಕೆ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ. ವಹಿಯಲ್ಲಿ “ಎಚ್ಚರಿಸಲಾಯಿತು” ಎಂದು ಬರೆದು ಸಹಿ ಹಾಕುತ್ತೇವೆ. ಎಂಟು ಗಂಟೆಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಅದರ ಫೋಟೊ ಶಿಕ್ಷಕರ ಮೊಬೈಲ್ ಗುಂಪಿಗೆ ಹಾಕಬೇಕು. ಫೋಟೊದಲ್ಲಿ ದಿನಾಂಕ ಮತ್ತು ಸ್ಥಳ ಕಾಣದಿದ್ದರೆ ಅಧ್ಯಯನ ನಡೆದೇ ಇಲ್ಲ ಎಂದು ಲೆಕ್ಕ.

ಮಾಗಡಿ ರಸ್ತೆಯ ಕಡೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಸಿಬಿಝೆಡ್ ಶಿಕ್ಷಕಿ, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಂದವಳು. ಕನ್ನಡ ಮಾಧ್ಯಮ. ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಮನೆಯವರು ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ವಿಜ್ಞಾನದ ಪತ್ರಿಕೆ 80 ಅಂಕಕ್ಕೆ. ದಾಟಲು ಆಗ ಬೇಕಾಗಿದ್ದದ್ದು 28. ಭೌತಶಾಸ್ತ್ರದ ಲೆಕ್ಕ ಕೈಕೊಡುತ್ತದೆ, ರಸಾಯನಶಾಸ್ತ್ರದ ಸಮೀಕರಣ ಸರಿದೂಗುವುದಿಲ್ಲ. ಹಾಗಾಗಿ ನಿಧಾನ ಕಲಿಕೆಯ ಮಕ್ಕಳಿಗೆ ಅನ್ನ ಹಾಕುವುದು ಜೀವಶಾಸ್ತ್ರದ ಸಿ ಭಾಗ, ಅದರಲ್ಲೂ ಚಿತ್ರಗಳು. ಪಾಸಿಂಗ್ ಪ್ಯಾಕೇಜ್ ಎಂಬ ಹೆಸರಿನಲ್ಲಿ ನಮ್ಮ ಕೈಗೆ ಬರುವ ಹಾಳೆಗಳಲ್ಲಿ ಇರುವುದು ಅವೇ: ಹೃದಯದ ನೀಳಛೇದ, ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನ್, ನರಕೋಶ, ಮೆದುಳು, ಹೂವು, ಪತ್ರರಂಧ್ರ. ದಿನಕ್ಕೊಂದು ಬರೆಸಿ, ತಿದ್ದಿ, ಮತ್ತೆ ಬರೆಸಬೇಕು. ಕಣ್ಣು ಮುಚ್ಚಿದರೂ ಕೈ ಓಡಬೇಕು.

ಬರೆಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕ್ಲಸ್ಟರಿನಲ್ಲಿ ಇರಲಿಲ್ಲ. ಇದನ್ನು ಈಗಲೂ ಧೈರ್ಯವಾಗಿ ಹೇಳುತ್ತೇನೆ. ಹೃದಯಕ್ಕೆ ಮೊದಲು ಹೊರಗಿನ ಗೆರೆ, ಆಮೇಲೆ ನಡುವಿನ ಗೋಡೆ, ಆಮೇಲೆ ಮೇಲಿನ ಕೊಳವೆಗಳು, ಕೊನೆಗೆ ಕವಾಟ. ಪೆನ್ಸಿಲ್ ಮೊನೆ ಚೂಪಾಗಿರಬೇಕು. ಹೆಸರುಗಳೆಲ್ಲ ಬಲಗಡೆ ಒಂದರ ಕೆಳಗೊಂದು ಸಾಲಾಗಿ ನಿಲ್ಲಬೇಕು. ಮುಖ್ಯವಾಗಿ, ಭಾಗ ಗುರುತಿಸುವ ಗೆರೆಗೆ ಬಾಣದ ತಲೆ ಹಾಕಕೂಡದು. ಜೀವಶಾಸ್ತ್ರದ ಚಿತ್ರದಲ್ಲಿ ಬರಿಯ ಗೆರೆ ಸಾಕು ಎಂಬುದು ನಾನು ಬಿ.ಎಸ್ಸಿ.ಯಲ್ಲಿ ಕಲಿತು ಬಂದ ಶಿಸ್ತು. ಬಾಣ ಹಾಕಿದವರ ಪುಸ್ತಕದಲ್ಲಿ ಕೆಂಪು ಶಾಯಿ ಹರಿಯುತ್ತಿತ್ತು. ಎರಡನೆಯ ಪೂರ್ವಸಿದ್ಧತಾ ಪರೀಕ್ಷೆ ಮುಗಿಯುವ ಹೊತ್ತಿಗೆ ಇಡೀ ತರಗತಿಯಲ್ಲಿ ಒಂದು ಬಾಣವೂ ಉಳಿದಿರಲಿಲ್ಲ. ಚಿತ್ರದ ಪ್ರಶ್ನೆಗೆ ಬಹುತೇಕ ಎಲ್ಲರಿಗೂ ಪೂರ್ಣ ಅಂಕ ಕೊಟ್ಟಿದ್ದೆ. ಹೆಡ್‌ಮಾಸ್ಟರು ಅದನ್ನು ಫಲಿತಾಂಶ ವಿಶ್ಲೇಷಣೆಯ ನಮೂನೆಯಲ್ಲಿ ತುಂಬಿ ಮೇಲಕ್ಕೆ ಕಳುಹಿಸಿದ್ದರು.

ಅದರ ಫಲವಾಗಿಯೋ ಏನೋ, ವಿಷಯ ಪರಿವೀಕ್ಷಕರು ನಮ್ಮ ಶಾಲೆಗೆ ಬಂದರು.

ಬಂದವರು ಕಡತ ಕೇಳಲಿಲ್ಲ. ನೇರವಾಗಿ ಹತ್ತನೆಯ ತರಗತಿಗೆ ನಡೆದು ಕೊನೆಯ ಬೆಂಚಿನಲ್ಲಿ ಕುಳಿತು ಪಕ್ಕದ ಹುಡುಗನ ಚಿತ್ರದ ಪುಸ್ತಕ ತಿರುವಿ ಹಾಕಿದರು. ಮುಖದಲ್ಲಿ ಮೆಚ್ಚುಗೆ ಕಾಣಿಸಿತು. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರ ಎದೆ ಅಷ್ಟಗಲವಾಯಿತು. “ಯಾರಾದರೂ ಬಂದು ಹೃದಯ ಬರೆಯಿರಿ” ಎಂದರು ಪರಿವೀಕ್ಷಕರು. ಮೂರನೆಯ ಬೆಂಚಿನ ಹುಡುಗಿಯ ಕಡೆ ನಾನು ಕಣ್ಣು ಹಾಯಿಸಿದೆ. ಓದಿನಲ್ಲಿ ಅವಳು ಮಧ್ಯಮ, ಗೆರೆಯಲ್ಲಿ ನಂಬರ್ ಒಂದು. ಎದ್ದು ಬಂದು ಸೀಮೆಸುಣ್ಣ ಹಿಡಿದವಳು ಒಂದು ಗೆರೆಯನ್ನೂ ಅಳಿಸದೆ ಬರೆದು ಮುಗಿಸಿದಳು. ಪುಪ್ಪುಸಕ ಅಭಿಧಮನಿಗೂ ಹೆಸರು ಬಿತ್ತು.

“ತುಂಬಾ ಚೆನ್ನಾಗಿದೆ ಮಗು. ಈಗ ರಕ್ತ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಬಾಣ ಹಾಕಿ ತೋರಿಸು.”

ಅವಳು ನನ್ನ ಮುಖ ನೋಡಿದಳು. ಹಾಕಬಹುದೇ ಎಂಬ ಅನುಮತಿ ಬೇಡುವ ನೋಟ ಅದು. ನಾನು ತಲೆಯಾಡಿಸಿದೆ. ದೇಹದಿಂದ ರಕ್ತ ತರುವ ಮಹಾ ಅಭಿಧಮನಿಯಿಂದ ಮೇಲಿನ ಕೋಣೆಯಾದ ಬಲ ಹೃತ್ಕರ್ಣಕ್ಕೆ ಒಂದು ಬಾಣ ಬಿತ್ತು. ಅಲ್ಲಿಂದ ಕೆಳಗಿನ ಕೋಣೆಯಾದ ಬಲ ಹೃತ್ಕುಕ್ಷಿಗೆ ಇನ್ನೊಂದು. ಎರಡೂ ಸರಿ. ಆಮೇಲೆ ಸೀಮೆಸುಣ್ಣ ಹಲಗೆಯ ಮೇಲೆ ಹಾಗೆಯೇ ನಿಂತಿತು. ಫ್ಯಾನಿನ ಕಟಕಟ ಶಬ್ದ ಅಷ್ಟು ಜೋರು ಎಂದು ನನಗೆ ಅದುವರೆಗೆ ತಿಳಿದಿರಲಿಲ್ಲ. ಮೇಲೆ ಹೋಗು, ಮೇಲಿನ ಕೊಳವೆಗೆ ಹೋಗು ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವಳು ನಿಧಾನವಾಗಿ, ನಡುವಿನ ಗೋಡೆಯನ್ನು ನೇರವಾಗಿ ತೂರಿಕೊಂಡು ಹೋಗುವಂತೆ, ಬಲದಿಂದ ಎಡ ಹೃತ್ಕುಕ್ಷಿಗೆ ಬಾಣ ಎಳೆದಳು. ಅಲ್ಲಿಂದ ದೇಹಕ್ಕೆ ರಕ್ತ ಒಯ್ಯುವ ಮಹಾ ಅಪಧಮನಿಗೆ ಹತ್ತಿಸಿ, ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದಳು.

“ಇದು ಸರಿ ಎನ್ನುವವರು ಕೈ ಎತ್ತಿ.”

ಕೈಗಳು ಎದ್ದವು. ಒಂದೆರಡು ಹಿಂಜರಿದವು, ಅಕ್ಕಪಕ್ಕ ನೋಡಿ ಅವೂ ಎದ್ದವು. ತರಗತಿಗೆ ಮೊದಲಿಗನಾದ ಹುಡುಗನ ಕೈಯೂ ಮೇಲಿತ್ತು. ಪರಿವೀಕ್ಷಕರು ಅವನನ್ನೇ ಕೇಳಿದರು, ಇಮ್ಮಡಿ ಪರಿಚಲನೆ ಎಂದರೇನು? ಅವನು ಉಸಿರು ಬಿಡದೆ ಒಪ್ಪಿಸಿದ: “ಒಂದು ಪೂರ್ಣ ಆವರ್ತದಲ್ಲಿ ರಕ್ತವು ಎರಡು ಬಾರಿ ಹೃದಯದ ಮೂಲಕ ಹಾದುಹೋಗುವುದು.” ಅಕ್ಷರ ತಪ್ಪಿರಲಿಲ್ಲ. “ಒಮ್ಮೆ ಬಂದದ್ದು ಗೊತ್ತಾಯಿತು. ಎರಡನೆಯ ಸಲ ಎಲ್ಲಿಂದ ಬರುತ್ತದೆ?” ಅವನು ಹಲಗೆ ನೋಡಿದ. ಹಲಗೆಯ ಮೇಲೆ ಉತ್ತರ ಇರಲಿಲ್ಲ. ನಾನು ಕಿಟಕಿಯ ಪಕ್ಕ ನಿಂತು ತುಟಿಯಲ್ಲೇ “ಶ್ವಾ...” ಎಂದು ಆಡಿಸುತ್ತಿದ್ದೆ.

“ಮೇಡಂ, ನಿಮಗೆ ಗೊತ್ತಿದೆ ಎಂದು ನನಗೆ ಗೊತ್ತು” ಎಂದರು ಪರಿವೀಕ್ಷಕರು, ತಿರುಗಿಯೂ ನೋಡದೆ. ಮಕ್ಕಳು ನಕ್ಕರು. ಇಪ್ಪತ್ತು ವರ್ಷ ಚಿಕ್ಕವಳಾಗಿ ಆ ಬೆಂಚಿನಲ್ಲೇ ಕುಳಿತಂತಾಯಿತು ನನಗೆ.

ಹಲಗೆಯ ಪಕ್ಕ ನಿಂತೇ ಇದ್ದ ಹುಡುಗಿ ಆಗ ಬಾಯಿ ಬಿಟ್ಟಳು. “ಸರ್, ಶ್ವಾಸಕೋಶಕ್ಕೆ ಹೋಗಬೇಕು. ಆದರೆ ಈ ಚಿತ್ರದಲ್ಲಿ ಶ್ವಾಸಕೋಶವೇ ಇಲ್ಲವಲ್ಲ.”

ಅವರು ಜೋರಾಗಿ ನಕ್ಕು, ಎದ್ದು ಬಂದು ಅವಳ ತಲೆ ನೇವರಿಸಿದರು. ಅಲ್ಲಿಗೆ ಭೇಟಿ ಮುಗಿಯಿತು. ಭೇಟಿ ವಹಿಯಲ್ಲಿ ಅವರು ಬರೆದದ್ದು “ಮಕ್ಕಳು ಚಿತ್ರಗಳನ್ನು ಅಂದವಾಗಿ ಬರೆಯುತ್ತಾರೆ” ಎಂಬ ಒಂದೇ ವಾಕ್ಯ. ಹೆಡ್‌ಮಾಸ್ಟರು ಅದನ್ನು ಪ್ರಶಂಸೆ ಎಂದೇ ಓದಿಕೊಂಡರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಆದರೆ ಆ ಹುಡುಗಿಯ ಮಾತು ಎಷ್ಟು ಸರಿ ಎಂದು ಯೋಚಿಸಿ ನೋಡಿ. ಪರೀಕ್ಷೆಗೆ ಬರೆಸುವ ಹೃದಯದಲ್ಲಿ ಕೊಳವೆಗಳು ಹೊರಗೆ ಎರಡು ಬೆರಳು ಚಾಚಿ ತುಂಡಾಗುತ್ತವೆ. ಪುಪ್ಪುಸಕ ಅಪಧಮನಿ ಎತ್ತಲೋ ಹೋಗುತ್ತದೆ, ಪುಪ್ಪುಸಕ ಅಭಿಧಮನಿ ಎತ್ತಲಿಂದಲೋ ಬರುತ್ತದೆ. ನಡುವೆ ಇರುವ ಶ್ವಾಸಕೋಶ ಪುಟದ ಹೊರಗೆ. ಆ ಚಿತ್ರವೊಂದನ್ನೇ ನಂಬಿದವರಿಗೆ ಬಲಗಡೆಯ ರಕ್ತ ಎಡಕ್ಕೆ ಹೋಗಲು ಗೋಡೆ ತೂರುವುದನ್ನು ಬಿಟ್ಟರೆ ಬೇರೆ ದಾರಿಯೇ ಕಾಣುವುದಿಲ್ಲ. ಎರಡನೆಯ ಶತಮಾನದ ವೈದ್ಯ ಗೇಲನ್ ಕೂಡ ಹೀಗೆಯೇ ಹೇಳಿದ್ದ: ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅದರಲ್ಲಿ ಜಿನುಗುತ್ತದೆ ಎಂದು. ಹದಿಮೂರನೆಯ ಶತಮಾನದಲ್ಲಿ ಅರಬ್ ವೈದ್ಯ ಇಬ್ನ್ ಅಲ್ ನಫೀಸ್ ಅಂಥ ರಂಧ್ರಗಳೇ ಇಲ್ಲ ಎಂದು ಹೇಳಿದ್ದರೂ ಯುರೋಪು ಬಹುಕಾಲ ಗೇಲನ್ನನನ್ನೇ ಹಿಡಿದುಕೊಂಡಿತ್ತು. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಪುಸ್ತಕ ಬರೆದು ರಕ್ತ ಸುತ್ತಿ ಬರುತ್ತದೆ ಎಂದು ತೋರಿಸಿದ. ಅರ್ಧ ಗಂಟೆಯಲ್ಲಿ ಹೃದಯ ಹೊರದೂಡುವ ರಕ್ತ ಇಡೀ ಮೈಯಲ್ಲಿ ಇರುವುದಕ್ಕಿಂತ ಹೆಚ್ಚಾಗುತ್ತದೆ, ಅಷ್ಟನ್ನು ಹೊಸದಾಗಿ ತಯಾರಿಸುವುದು ಆಗದ ಮಾತು ಎಂಬುದು ಅವನ ಲೆಕ್ಕ. ಅವನಿಗೂ ಶ್ವಾಸಕೋಶದೊಳಗಿನ ಲೋಮನಾಳಗಳು, ಅಂದರೆ ಕೂದಲಿಗಿಂತ ಸಣ್ಣ ರಕ್ತನಾಳಗಳು, ಕಾಣಲಿಲ್ಲ. 1661ರಲ್ಲಿ ಇಟಲಿಯ ವೈದ್ಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಆ ಕೊನೆಯ ತುಂಡು ಸೇರಿದ್ದು. ಸಾವಿರದ ನಾನೂರು ವರ್ಷ ದೊಡ್ಡ ದೊಡ್ಡವರು ಎಡವಿದ ಜಾಗದಲ್ಲಿ ನನ್ನ ಮೂರನೆಯ ಬೆಂಚು ಎಡವಿತ್ತು. ಅದನ್ನು ಸಮಾಧಾನವೆಂದು ಹೆಡ್‌ಮಾಸ್ಟರಿಗೆ ಹೇಳಹೋಗಿ ಬೈಸಿಕೊಂಡೆ.

ಸಿಬ್ಬಂದಿ ಕೊಠಡಿಯಲ್ಲಿ ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಂದ ಸಹೋದ್ಯೋಗಿ ಕೇಳಿದ್ದು ಒಂದೇ ಪ್ರಶ್ನೆ. “ಬಾಣಕ್ಕೆ ಕೀ ಉತ್ತರದಲ್ಲಿ ಎಷ್ಟು ಅಂಕ?” ಏನೂ ಇಲ್ಲ. ಚಿತ್ರಕ್ಕೆ ಇಷ್ಟು, ಭಾಗಗಳಿಗೆ ಇಷ್ಟು. “ಮತ್ತೇಕೆ ತಲೆ ಕೆಡಿಸಿಕೊಳ್ಳುತ್ತೀರಿ, ಪರೀಕ್ಷೆ ಬಾಗಿಲಲ್ಲಿದೆ.” ಅವರ ಮಾತಿನಲ್ಲೂ ಹುರುಳಿತ್ತು. ಆದರೆ ಹೃತ್ಕುಕ್ಷಿಯ ಗೋಡೆ ಏಕೆ ದಪ್ಪ, ಸಸ್ತನಿಗಳಲ್ಲಿ ಆಕ್ಸಿಜನ್‌ಯುಕ್ತ ರಕ್ತ ಮತ್ತು ಆಕ್ಸಿಜನ್‌ರಹಿತ ರಕ್ತ ಬೆರೆಯಬಾರದೇಕೆ ಎಂದು ಬಂದರೆ ಈ ಮಕ್ಕಳು ಏನು ಬರೆಯುತ್ತಾರೆ? ಗೋಡೆ ತೂರಿದವರಿಗೆ ಎಲ್ಲವೂ ಬೆರೆತೇ ಇರುತ್ತದೆ.

ಮಾರನೆಯ ದಿನ ಹಲಗೆಯ ಮೇಲೆ ಹೃದಯ ಬರೆದು, ಅದರ ಮೇಲೆ ಎರಡು ಶ್ವಾಸಕೋಶ, ಕೆಳಗೆ “ದೇಹ” ಎಂಬ ಚೌಕ ಬರೆದೆ. ಮೆಜೆಸ್ಟಿಕ್ ನಿಲ್ದಾಣದ ನಕ್ಷೆ ಮಾತ್ರ ಕೈಗೆ ಕೊಟ್ಟು ಬಸ್ಸು ಎಲ್ಲಿಗೆ ಹೋಗಿ ಬರುತ್ತದೆ ಹೇಳು ಎಂದರೆ ಯಾರಿಗೆ ಗೊತ್ತಾಗುತ್ತದೆ, ಒಂದು ಪ್ಲಾಟ್‌ಫಾರಂನಿಂದ ಹೊರಟ ಬಸ್ಸು ಊರು ಸುತ್ತಿ ಇನ್ನೊಂದು ಪ್ಲಾಟ್‌ಫಾರಂಗೆ ಬಂದು ನಿಲ್ಲುತ್ತದೆ ಎಂದೆ. ಮಕ್ಕಳಿಗೆ ಅದು ಹಿಡಿಸಿತು. ಚಿತ್ರ ಬರೆಯುವ ಮೊದಲು ಬೆರಳಿನಿಂದ ಗಾಳಿಯಲ್ಲಿ ದಾರಿ ಸುತ್ತಬೇಕು, ಆಮೇಲೆ ಪೆನ್ಸಿಲ್ ಎಂಬ ನಿಯಮ ಮಾಡಿದೆ. ಬಾಣಕ್ಕೆ ಕೆಂಪು ಶಾಯಿ ನಿಂತಿತು.

ಅಲ್ಲಿಗೇ ಬಿಟ್ಟಿದ್ದರೆ ಆಡಳಿತ ಮಂಡಳಿಯ ಕಾರ್ಯದರ್ಶಿಗೆ ನನ್ನ ಹೆಸರು ಗೊತ್ತಾಗುತ್ತಿರಲಿಲ್ಲ. ನಾನು ಮಟನ್ ಅಂಗಡಿಗೆ ಹೋದೆ. ಕುರಿಯ ಗುಂಡಿಗೆ ಕೇಳಿದರೆ ಅಂಗಡಿಯವರು ನಾನು ಬಾಯಿ ಬಿಡುವುದರೊಳಗೆ ಅದನ್ನು ನಾಲ್ಕು ಹೋಳು ಮಾಡಿ ಕವರಿಗೆ ಹಾಕಿದ್ದರು, ಕೊಳವೆಗಳನ್ನೆಲ್ಲ ಬುಡದಲ್ಲೇ ಸವರಿ. ಇನ್ನೊಂದು ದಿನ ಹೋಗಿ, ಕತ್ತಿ ತಾಗಿಸಬೇಡಿ, ಶ್ವಾಸಕೋಶ, ಉಸಿರಿನ ಕೊಳವೆ ಎಲ್ಲವೂ ಅಂಟಿಕೊಂಡೇ ಇರಲಿ ಎಂದೆ. “ಕತ್ತರಿಸದೆ ಹೇಗೆ ಬೇಯಿಸುತ್ತೀರಿ ಮೇಡಂ?” ಬೇಯಿಸುವುದಿಲ್ಲ, ಶಾಲೆಯ ಮಕ್ಕಳಿಗೆ ಎಂದೆ. ಅವರು ಏನು ಅರ್ಥ ಮಾಡಿಕೊಂಡರೋ, ದುಡ್ಡು ಕಡಿಮೆ ತೆಗೆದುಕೊಂಡರು.

ಶನಿವಾರ ಮಧ್ಯಾಹ್ನ, ಬಿಸಿಯೂಟದ ತಟ್ಟೆ ತೊಳೆಯುವ ಕಟ್ಟೆಯಿಂದ ದೂರಕ್ಕೆ, ಹಿಂದಿನ ಅಂಗಳದಲ್ಲಿ ಹಳೆಯ ಪತ್ರಿಕೆ ಹಾಸಿದೆವು. ನೋಡಲು ಇಷ್ಟವಿಲ್ಲದವರು ಮನೆಗೆ ಹೋಗಬಹುದು ಎಂದಿದ್ದೆ, ಕೆಲವರು ಹೋದರು. ಉಸಿರಿನ ಕೊಳವೆಗೆ ಸೈಕಲ್ ಪಂಪಿನ ನಳಿಕೆ ಕಟ್ಟಿ ಒತ್ತಿದಾಗ ಬಾಡಿ ಬಿದ್ದಿದ್ದ ಶ್ವಾಸಕೋಶ ಉಬ್ಬಿ ನಿಂತಿತು. ಮಕ್ಕಳ ಕೂಗು ಮುಂಭಾಗಕ್ಕೂ ಕೇಳಿಸಿತಂತೆ. ಬಲ ಹೃತ್ಕುಕ್ಷಿಯನ್ನು ಸ್ವಲ್ಪ ಸೀಳಿ, ಕೈಗವಸು ಹಾಕಿಕೊಂಡ ಅದೇ ಹುಡುಗಿಯ ಕೈಗೆ ಖಾಲಿ ರೀಫಿಲ್ ಕೊಟ್ಟೆ. ನಡುವಿನ ಗೋಡೆಯನ್ನು ಚುಚ್ಚಿ ಚುಚ್ಚಿ ನೋಡಿದಳು, ಎಲ್ಲೂ ಹೋಗಲಿಲ್ಲ. ಮೇಲಕ್ಕೆ ತಿರುಗಿಸಿದಾಗ ಅದು ಕೊಳವೆಯೊಳಗೆ ಸಲೀಸಾಗಿ ಜಾರಿ ಶ್ವಾಸಕೋಶದ ಕಡೆ ನಡೆಯಿತು. ಆಮೇಲೆ ಎಲ್ಲರೂ ಸರದಿಯಲ್ಲಿ ಎಡ, ಬಲ ಗೋಡೆಗಳನ್ನು ಹಿಂಡಿ ನೋಡಿದರು. ಎಡದ್ದು ಎಷ್ಟು ದಪ್ಪ ಎಂದರೆ, ಚಿತ್ರದಲ್ಲಿ ಎಡ ಬಲ ಅದಲುಬದಲು ಮಾಡುತ್ತಿದ್ದ ಹುಡುಗನೂ ಕಣ್ಣು ಮುಚ್ಚಿ ಹೇಳಿದ. ಮಹಾ ಅಪಧಮನಿಯ ತುಂಡಿಗೆ ನೀರು ಸುರಿದಾಗ ಒಳಗಿನ ಕವಾಟ ಮುಚ್ಚಿಕೊಂಡು ನೀರು ಮೇಲೆಯೇ ನಿಂತಿತು. ಅದು ನನಗೂ ಹೊಸತು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ.

ಸೋಮವಾರ ಕಾರ್ಯದರ್ಶಿಯವರ ಫೋನ್ ಬಂತು. ಯಾವುದೋ ಮಗು ಫೋಟೊ ತೆಗೆದಿತ್ತು, ಅದು ಹತ್ತು ಕೈ ದಾಟಿ ಅವರ ಮೊಬೈಲಿಗೆ ಸೇರಿತ್ತು. ಶಾಲೆಯ ಆವರಣದಲ್ಲಿ ಮಾಂಸವೇ ಎಂಬುದು ಪ್ರಶ್ನೆ. ಲಿಖಿತ ವಿವರಣೆ ಕೊಟ್ಟೆ. ಇನ್ನು ಮುಂದೆ ಚಾರ್ಟ್ ಮಾತ್ರ ಬಳಸಬೇಕು ಎಂದು ಸೂಚನೆ ಬಂತು. ಚಾರ್ಟಿನಲ್ಲಿ ಶ್ವಾಸಕೋಶ ಇಲ್ಲ ಎಂದು ನಾನು ವಿವರಣೆಯಲ್ಲಿ ಬರೆದದ್ದನ್ನು ಯಾರೂ ಓದಿದಂತಿಲ್ಲ. ಗುಂಪು ಅಧ್ಯಯನದ ಫೋಟೊಗಳಿಗೆ ಒಂದು ಮೆಚ್ಚುಗೆಯೂ ಬಾರದ ಊರಿನಲ್ಲಿ ಈ ಫೋಟೊ ಮಾತ್ರ ಅಷ್ಟು ದೂರ ಹೋದದ್ದು ನನಗಿನ್ನೂ ನಗು ತರಿಸುತ್ತದೆ.

ಆ ವರ್ಷದ ಮುಖ್ಯ ಪರೀಕ್ಷೆಯಲ್ಲಿ ಹೃದಯ ಬರಲೇ ಇಲ್ಲ. ಆದರೂ ಪ್ಯಾಕೇಜಿನ ಪ್ರತಿ ಚಿತ್ರವನ್ನೂ ನಾನು ಈಗ ಬಾಣದಿಂದಲೇ ಶುರು ಮಾಡುತ್ತೇನೆ. ನೆಫ್ರಾನ್‌ಗೆ ಇದು ಇನ್ನೂ ಹೆಚ್ಚು ಬೇಕು. ಎರಡೂ ಮೂತ್ರಪಿಂಡ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಹೋಗುತ್ತದೆ, ಹೊರಗೆ ಬರುವುದು ಒಂದೆರಡು ಲೀಟರ್, ಉಳಿದದ್ದು ಎಲ್ಲಿ ಎಂದು ಕೇಳಿದರೆ ಸಾಕು, ಮಕ್ಕಳು ನಳಿಕೆಯ ಸುತ್ತ ಸುತ್ತಿಕೊಂಡ ರಕ್ತನಾಳಗಳನ್ನು ಮೊದಲ ಸಲ ಕಣ್ಣಿಟ್ಟು ನೋಡುತ್ತಾರೆ. ಅಲ್ಲಿಯವರೆಗೆ ಅದು ಅವರಿಗೆ ಅಲಂಕಾರ. ಪರಾವರ್ತಿತ ಚಾಪದಲ್ಲಿ, ಅಂದರೆ ಬಿಸಿ ತಾಗಿದ ಕೈ ತಟ್ಟನೆ ಹಿಂದೆ ಬರುವಾಗ ನರದ ಸಂದೇಶ ಓಡುವ ದಾರಿಯ ಚಿತ್ರದಲ್ಲಿ, ಬಾಣ ಮೊದಲೇ ಇರುವುದರಿಂದ ಅಲ್ಲಿ ತೊಂದರೆಯೇ ಇಲ್ಲ. ಹೂವು, ಮೆದುಳು ಇವಕ್ಕೆ ಬಾಣ ಅಷ್ಟಾಗಿ ಕೆಲಸಕ್ಕೆ ಬಾರದು. ಹೂವಿನಲ್ಲಿ ಪರಾಗ ನಳಿಕೆಯನ್ನು ಅಂಡಕದವರೆಗೆ ಇಳಿಸಿದರೆ ಸಾಕು. ಮೇಲಿನವರಿಗೆ ಇಷ್ಟಾದರೂ ಹೇಳೋಣವೆಂದು ಪ್ಯಾಕೇಜಿನ ಹಾಳೆಯಲ್ಲಿ ಹೃದಯದ ಪಕ್ಕ ಶ್ವಾಸಕೋಶ ಸೇರಿಸಿ ಗುಂಪಿಗೆ ಕಳುಹಿಸಿದೆ. ನೋಡಲ್ ಅಧಿಕಾರಿಯವರಿಂದ ಕೈಮುಗಿದ ಚಿತ್ರ ಬಂತು. ಈ ವರ್ಷ ಬಂದದ್ದು ಹಳೆಯ ಹಾಳೆಯೇ.

ನಾನು ಸೋಲುತ್ತಲೇ ಇರುವುದು ಆಹಾರ ಸರಪಳಿಯಲ್ಲಿ. ಹುಲ್ಲಿನಿಂದ ಜಿಂಕೆಗೆ, ಜಿಂಕೆಯಿಂದ ಹುಲಿಗೆ ಬಾಣ ಹೋಗಬೇಕು. ಶಕ್ತಿ ಹರಿಯುವುದು ಆ ದಿಕ್ಕಿಗೆ, ಅದೂ ಪ್ರತಿ ಹಂತದಲ್ಲಿ ಸುಮಾರು ಶೇಕಡಾ 10ರಷ್ಟು ಮಾತ್ರ. ಮಕ್ಕಳು ಹುಲಿಯಿಂದ ಜಿಂಕೆಗೆ ಎಳೆಯುತ್ತಾರೆ. ಹುಲಿ ತಾನೇ ಹೋಗಿ ಹಿಡಿಯುವುದು ಎಂಬುದು ಅವರ ವಾದ. “ಬಾಣದ ತುದಿ ಊಟ ಮಾಡುವವರ ಬಾಯಿಗೆ” ಎಂದು ಹೇಳಿಕೊಟ್ಟೆ, ಎರಡು ವಾರ ನಿಂತು ಮತ್ತೆ ತಿರುಗಿತು. ತಟ್ಟೆ, ಚಮಚ, ಹಗ್ಗ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಸಿಬಿಝೆಡ್‌ನವರು ಯಾರಾದರೂ ಇದನ್ನು ಗೆದ್ದಿದ್ದರೆ, ಮೂರನೆಯ ಪೂರ್ವಸಿದ್ಧತಾ ಪರೀಕ್ಷೆಗೆ ಮೊದಲು ದಯವಿಟ್ಟು ತಿಳಿಸಿ.